ಮಗಳು ಉಸಿರಾಡಲು ಕಲಿತ ತಿಂಗಳುಗಳು

ನನ್ನ ಮಗಳ ಬೆನ್ನು ಸೊಟ್ಟಗಾಗುತ್ತಿದೆ ಎಂಬುದು ಮೊದಲು ಗೊತ್ತಾದದ್ದು ನನ್ನ ಹೆಂಡತಿಯ ಕೈಗೆ. ಒಂದು ಭಾನುವಾರ ಎಣ್ಣೆನೀರು ಹಾಕಲು ಹುಡುಗಿಯನ್ನು ಬಚ್ಚಲಲ್ಲಿ ಮಣೆಯ ಮೇಲೆ ಕೂರಿಸಿಕೊಂಡು ಬೆನ್ನು ತಿಕ್ಕುತ್ತಿದ್ದವಳು ನನ್ನನ್ನು ಕೂಗಿದಳು.

"ಸ್ವಲ್ಪ ಇಲ್ಲಿ ಬನ್ನಿ. ಈ ಕಡೆ ಮೂಳೆ ಉಬ್ಬಿದ ಹಾಗಿಲ್ವಾ?"

ನಾನು ಬಾಗಿಲಲ್ಲೇ ನಿಂತು ನೋಡಿದೆ. ಬಲಗಡೆ ಹೆಗಲಿನ ಹಿಂದಿನ ಮೂಳೆ ಎಡಗಡೆಯದಕ್ಕಿಂತ ತುಸು ಮೇಲೆದ್ದಿತ್ತು. ಅವಳಿಗಾಗ ಒಂಬತ್ತು ವರ್ಷ. "ಸ್ಕೂಲ್ ಬ್ಯಾಗ್ ಭಾರ ಅಷ್ಟೆ. ಎರಡೂ ಹೆಗಲಿಗೆ ಹಾಕ್ಕೊಳ್ಳೋಕೆ ಹೇಳು" ಎಂದು ಹೇಳಿ ಹೋಗಿ ಪತ್ರಿಕೆ ಹಿಡಿದೆ.

ತೊಂಬತ್ತರ ದಶಕದ ನಡುವಿನ ವರ್ಷಗಳು. ಚಾಮರಾಜಪೇಟೆಯ ಹಳೆಯ ಮನೆಯೊಂದರ ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು. ನಾನು ಬಸವನಗುಡಿಯ ಒಂದು ಹೈಸ್ಕೂಲಿನಲ್ಲಿ ಚರಿತ್ರೆ ಮೇಷ್ಟ್ರು. ಮಗಳೂ ಅದೇ ಆವರಣದ ಪ್ರಾಥಮಿಕ ಶಾಲೆಗೆ ಬರುತ್ತಿದ್ದಳು. ಇಬ್ಬರೂ ಗಾಂಧಿ ಬಜಾರಿನ ಮೂಲಕ ನಡೆದೇ ಹೋಗುತ್ತಿದ್ದೆವು. ಅವಳು ದಿನೇ ದಿನೇ ನಿಧಾನವಾಗುತ್ತಿದ್ದುದು ನನಗೆ ಕಾಣದೆ ಇರಲಿಲ್ಲ. ಹೂವಿನಂಗಡಿಗಳನ್ನು ನೋಡಿಕೊಂಡು ಬರುತ್ತಾಳೆ ಅಂದುಕೊಂಡಿದ್ದೆ. ಸುಧಾರಿಸಿಕೊಳ್ಳಲು ನಿಲ್ಲುತ್ತಿದ್ದಾಳೆ ಅಂತ ಹೊಳೆಯಲಿಲ್ಲ.

ಎರಡು ವರ್ಷದ ನಂತರ ಒಂದು ಶನಿವಾರ ಹನುಮಂತನಗರದ ಬೆಟ್ಟದ ಗುಡಿಗೆ ಹೋಗಿದ್ದೆವು. ಅರ್ಧ ಮೆಟ್ಟಿಲಿಗೇ ಅವಳು ಕುಳಿತುಬಿಟ್ಟಳು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. "ಅಪ್ಪ, ಗಾಳಿ ಸಾಲ್ತಿಲ್ಲ" ಅಂದಳು. ಆ ಮಾತನ್ನು ಅವಳು ದೂರು ಹೇಳುವ ಹಾಗೆ ಹೇಳಲಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಕಮ್ಮಿ ಬಿತ್ತು ಅನ್ನುವಷ್ಟೇ ಸಾದಾ ದನಿಯಲ್ಲಿ ಹೇಳಿದಳು. ಎತ್ತಿಕೊಂಡು ಇಳಿಸಿದೆ. ಹನ್ನೊಂದು ವರ್ಷದ ಹುಡುಗಿ ಅಷ್ಟು ಹಗುರವಾಗಿರಬಾರದಿತ್ತು.

ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಬೆನ್ನುಮೂಳೆ ಬಲಕ್ಕೆ ಬಾಗಿ, ಬಾಗಿದ್ದಲ್ಲದೆ ತಿರುಚಿಕೊಂಡೂ ಇತ್ತು. "ಒಂದು ಕಡೆ ಶ್ವಾಸಕೋಶಕ್ಕೆ ಅರಳೋಕೆ ಜಾಗವೇ ಇಲ್ಲ ಮೇಷ್ಟ್ರೇ. ಹೀಗೇ ಬಿಟ್ರೆ ಇಪ್ಪತ್ತು ವರ್ಷ ಆಗೋ ಹೊತ್ತಿಗೆ ಮನೇಲಿ ನಡೆದಾಡೋಕೂ ಉಸಿರು ಸಾಲಲ್ಲ. ಆಪರೇಷನ್ ಮಾಡಿ ಕಂಬಿ ಕೂರಿಸಿದ್ರೆ ಬಾಗೋದು ನಿಲ್ಲುತ್ತೆ. ಅಪಾಯ ಇಲ್ಲ ಅಂತ ಮಾತ್ರ ನಾನು ಹೇಳಲ್ಲ."

ಹೆಂಡತಿ ಒಪ್ಪಲಿಲ್ಲ. "ನಡೀತಾಳೆ, ಓದ್ತಾಳೆ, ಊಟ ಮಾಡ್ತಾಳೆ. ಬೆನ್ನು ಕುಯ್ದು ಕಬ್ಬಿಣ ಇಡ್ತೀನಿ ಅಂದ್ರೆ ಯಾವ ತಾಯಿ ಸರಿ ಅಂತಾಳೆ?" ನಾಲ್ಕು ತಿಂಗಳು ನಮ್ಮಲ್ಲಿ ಇದೇ ಮಾತು. ನಾನು ಡಾಕ್ಟರು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಿದ್ದೆ, ಅವಳು ಅದೇ ಉತ್ತರ ಕೊಡುತ್ತಿದ್ದಳು. ಕೊನೆಗೆ ನಾನು ಮಾಡಿದ ಕೆಲಸವನ್ನು ಇಲ್ಲಿ ಮುಚ್ಚಿಡುವುದಿಲ್ಲ. ಶಾಲೆಗೆ ನಡೆದುಹೋಗುವಾಗ, ಅವಳ ಅಮ್ಮನಿಗೆ ತಿಳಿಸದೆ, ಮಗಳನ್ನೇ ಒಪ್ಪಿಸಿದೆ.

"ನೋಯುತ್ತಾ ಅಪ್ಪ?"

"ಸ್ವಲ್ಪ ದಿನ."

"ಆಮೇಲೆ ಬೆಟ್ಟ ಹತ್ತಬಹುದಾ?"

"ಓಡಿಕೊಂಡೇ ಹತ್ತಬಹುದು."

ಆ ಸಂಜೆ ಅವಳು ಅಡುಗೆಮನೆಗೆ ಹೋಗಿ, "ಅಮ್ಮ, ನಾನು ಆಪರೇಷನ್ ಮಾಡಿಸ್ಕೋತೀನಿ, ಅಪ್ಪ ಹೇಳಿದ್ರು" ಅಂದಳು. ಹೆಂಡತಿ ಒಲೆಯ ಮುಂದಿನಿಂದ ತಿರುಗಿ ನನ್ನ ಮುಖ ನೋಡಿದಳು. ಜಗಳವಾಡಲಿಲ್ಲ. ಆಸ್ಪತ್ರೆಯಲ್ಲಿ ಒಪ್ಪಿಗೆಯ ಕಾಗದಕ್ಕೆ ನಾನೊಬ್ಬನೇ ಸಹಿ ಹಾಕಿದೆ.

ಆಪರೇಷನ್ ಏಳು ಗಂಟೆ ನಡೆಯಿತು. ಚೆನ್ನಾಗಿಯೇ ಆಯಿತು ಎಂದರು. ಮರುದಿನ ಹೊಸ ಎಕ್ಸ್‌ರೇ ಬಂತು. ಎರಡು ಕಂಬಿಗಳ ನಡುವೆ ಬೆನ್ನುಮೂಳೆ ಹೆಚ್ಚುಕಡಿಮೆ ನೆಟ್ಟಗೆ ನಿಂತಿತ್ತು. ನಾನು ಅದನ್ನು ಹೆಂಡತಿಗೆ ತೋರಿಸಿದೆ. ಪರೀಕ್ಷೆಯಲ್ಲಿ ನನ್ನ ಉತ್ತರವೇ ಸರಿ ಅಂತ ಬಂದ ಹುಡುಗನ ಹಾಗೆ ತೋರಿಸಿದೆ. ಅವಳು ನೋಡಿ ವಾಪಸು ಕೊಟ್ಟಳು.

ಮೂರನೆಯ ದಿನ ಬೆಳಿಗ್ಗೆ ಮಗಳಿಗೆ ಜ್ವರ ಬಂತು. ಕಫ ಕಟ್ಟಿತ್ತು. ಕೆಮ್ಮಿದರೆ ಬೆನ್ನಿನ ಹೊಲಿಗೆಯೆಲ್ಲ ಜಗ್ಗಿ ನೋಯುತ್ತಿದ್ದರಿಂದ ಅವಳು ಕೆಮ್ಮುತ್ತಿರಲಿಲ್ಲ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಮಲಯಾಳಿ ಹೆಂಗಸು, "ಕೆಮ್ಮು ಮಗೂ, ಒಂದು ಸಲ ಜೋರಾಗಿ ಕೆಮ್ಮು" ಎಂದು ಗೋಗರೆಯುತ್ತಿದ್ದರು. ಅವಳು ತಲೆಯಾಡಿಸಿ ಬೇಡ ಅನ್ನುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಪ್ರತಿ ಉಸಿರಿಗೂ ಕತ್ತಿನ ಗುಳಿ ಒಳಕ್ಕೆ ಸೇದಿಕೊಳ್ಳತೊಡಗಿತು. ಮೂಗಿನ ಹೊಳ್ಳೆ ಅರಳುತ್ತಿತ್ತು. ಮಾತಾಡಲು ಹೋದರೆ ಎರಡಕ್ಷರಕ್ಕೇ ನಿಲ್ಲುತ್ತಿತ್ತು. ಎಡಗಡೆಯ ಶ್ವಾಸಕೋಶ ಮುದುಡಿಕೊಂಡಿದೆ ಎಂದು ಹೇಳಿ ಅವಳನ್ನು ಐಸಿಯುಗೆ ಒಯ್ದರು. ಗಂಟಲಿಗೆ ಕೊಳವೆ ಹಾಕಿ ಯಂತ್ರಕ್ಕೆ ಜೋಡಿಸಿದರು.

ಬಾಗಿಲು ಮುಚ್ಚಿಕೊಂಡ ಮೇಲೆ ಹೆಂಡತಿ ನನ್ನ ಕಡೆ ತಿರುಗಿದಳು. "ನಿಮಗೆ ನೆಟ್ಟಗಿರೋ ಬೆನ್ನು ಬೇಕಿತ್ತಲ್ಲ. ತಗೊಳ್ಳಿ" ಅಂದಳು. ಆಮೇಲೆ ಎರಡು ತಿಂಗಳ ಹತ್ತಿರ ನನ್ನೊಡನೆ ಮಾತಾಡಲಿಲ್ಲ.

ಐಸಿಯುಗೆ ದಿನಕ್ಕೆ ಎರಡು ಸಲ, ಒಂದು ಸಲಕ್ಕೆ ಒಬ್ಬರು. ಬೆಳಿಗ್ಗೆ ಅವಳು ಹೋಗುತ್ತಿದ್ದಳು, ಸಂಜೆ ನಾನು. ಬೆಂಚಿನ ಒಂದು ತುದಿಗೆ ಅವಳು, ಇನ್ನೊಂದು ತುದಿಗೆ ನಾನು, ನಡುವೆ ಊಟದ ಡಬ್ಬಿ. ಹನ್ನೆರಡನೆಯ ದಿನ ಮಗಳ ಕತ್ತಿನಲ್ಲಿ ರಂಧ್ರ ಮಾಡಿ ಅಲ್ಲಿಂದಲೇ ಕೊಳವೆ ಹಾಕಿದರು. ಬಾಯಿ ತೆರವಾಯಿತಾದರೂ ಅದರಲ್ಲಿ ದನಿ ಇರಲಿಲ್ಲ. ಸಿಸ್ಟರ್ ಒಂದು ರಟ್ಟು, ಹಾಳೆ, ಪೆನ್ಸಿಲ್ ಕೊಟ್ಟಿದ್ದರು. ಅಮ್ಮನಿಗೆ ಅವಳು ದಿನವೂ ಬರೆಯುತ್ತಿದ್ದದ್ದು ಒಂದೇ ಮಾತು: ಮನೆಗೆ. ನನಗೆ ಏನೂ ಬರೆಯುತ್ತಿರಲಿಲ್ಲ. ಒಂದು ಸಂಜೆ ತಾನಾಗಿ ರಟ್ಟಿಗೆ ಕೈ ಚಾಚಿದಳು. ಅಕ್ಷರಗಳು ಗೆರೆಯಿಂದ ಕೆಳಕ್ಕೆ ಜಾರಿದ್ದವು. "ಓಡಿಕೊಂಡು ಹತ್ತಬಹುದು ಅಂದೆ ನೀನು" ಎಂದಿತ್ತು.

ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ಅವಳ ಹಣೆ ಒರೆಸಿದೆ.

ನಾಲ್ಕನೆಯ ವಾರ ಯಂತ್ರವನ್ನು ಸ್ವಲ್ಪ ಸ್ವಲ್ಪ ಹೊತ್ತು ಬಿಡಿಸಿ ನೋಡಲು ಶುರು ಮಾಡಿದರು. ಸ್ವಂತ ಉಸಿರಿನಲ್ಲಿ ಎಷ್ಟು ಹೊತ್ತು ಇರುತ್ತಾಳೆ ಎಂಬುದೊಂದೇ ಈಗ ಮುಖ್ಯ. ಸಂಜೆಯ ಹೊತ್ತಿಗೆ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. ನಾನು ಕೈಗಡಿಯಾರ ನೋಡುತ್ತಾ ನಿಲ್ಲುತ್ತಿದ್ದೆ. ಮೊದಲ ದಿನ ನಾಲ್ಕು ನಿಮಿಷ. ಮರುದಿನ ಏಳು. ಆಮೇಲೆ ಹನ್ನೊಂದು. ಅಲ್ಲಿಗೆ ನಿಂತಿತು. ಹನ್ನೊಂದರ ಹೊತ್ತಿಗೆ ಅವಳ ಕಣ್ಣು ಯಂತ್ರದ ಕಡೆ ತಿರುಗುತ್ತಿತ್ತು, ಕೈ ಹಾಸಿಗೆಯ ಅಂಚನ್ನು ಬಡಿಯುತ್ತಿತ್ತು. ಮತ್ತೆ ಜೋಡಿಸುತ್ತಿದ್ದರು. ಆರು ದಿನ ಹೀಗೇ ಕಳೆಯಿತು.

ಡಾಕ್ಟರು ನನ್ನೊಬ್ಬನನ್ನೇ ಕರೆದರು. "ಎದೆಯ ಸ್ನಾಯುಗಳು ತುಂಬಾ ಸೋತಿವೆ. ಯಂತ್ರ ಬಿಡಿಸೋಕೆ ಆಗದೇ ಹೋಗಬಹುದು. ಮನಸ್ಸು ಗಟ್ಟಿ ಮಾಡ್ಕೊಳ್ಳಿ ಮೇಷ್ಟ್ರೇ."

ಆ ಮಧ್ಯಾಹ್ನ ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೆ. ಕೆಳಗೆ ಒಗೆದ ಬೆಡ್‌ಶೀಟುಗಳನ್ನು ಒಣಹಾಕಿದ್ದರು. ಒಳ್ಳೆಯ ಬಿಸಿಲಿತ್ತು. ಅಲ್ಲಿ ನನಗೆ ಬಂದ ಯೋಚನೆಯನ್ನು ಹೆಂಡತಿಗಾಗಲಿ ಮಗಳಿಗಾಗಲಿ ಇವತ್ತಿನವರೆಗೆ ಹೇಳಿಲ್ಲ. ಮುಗಿದುಹೋಗಲಿ, ಅಂದುಕೊಂಡೆ. ಮಗು ನರಳುವುದು ನಿಲ್ಲಲಿ ಎಂಬ ಕರುಣೆಯಿಂದಲೇ ಹಾಗೆ ಅಂದುಕೊಂಡೆ ಎಂದು ಬರೆಯಬಹುದು, ಬರೆದರೆ ಸುಳ್ಳಾಗುತ್ತದೆ. ಅವಳು ನನ್ನನ್ನು ನೋಡುವುದು ನಿಲ್ಲಲಿ ಅಂತಲೂ ಅದರಲ್ಲಿತ್ತು. ಸಂಜೆ ನೋಡುವ ಸಮಯಕ್ಕೆ ಗಂಟೆ ಹೊಡೆದಾಗ ಎದ್ದು, ಮುಖ ತೊಳೆದುಕೊಂಡು ಒಳಗೆ ಹೋದೆ.

ಐಸಿಯು ಬಾಗಿಲಲ್ಲಿ ಆ ಮಲಯಾಳಿ ಹೆಂಗಸು ನನ್ನನ್ನು ತಡೆದರು. ಸಿಡುಕು ಸ್ವಭಾವದವರು, ಕನ್ನಡವನ್ನು ಮುರಿದು ಮುರಿದು ಆಡುತ್ತಿದ್ದರು. "ಸಾರ್, ನೀವು ಇವತ್ತು ಬೇಡ. ನೀವು ವಾಚ್ ನೋಡ್ತೀರಿ, ಅವಳು ನಿಮ್ಮ ಮುಖ ನೋಡ್ತಾಳೆ. ನಿಮ್ಮ ಮುಖದಲ್ಲಿ ಹನ್ನೊಂದು ಆಯ್ತು ಅಂತ ಕಾಣುತ್ತೆ. ಅಮ್ಮನ್ನ ಕಳಿಸಿ."

ನಾನು ಹೊರಗೆ ನಿಂತೆ. ಬಾಗಿಲ ಗಾಜಿನಿಂದ ಹೆಂಡತಿಯ ಬೆನ್ನು ಕಾಣುತ್ತಿತ್ತು. ಬಾಗಿಲು ತೆರೆದಾಗೆಲ್ಲ ಮಾತಿನ ತುಣುಕು ಕೇಳುತ್ತಿತ್ತು. ಕೆಳಗಿನ ಮನೆಯವರು ನೀರಿನ ಸರದಿಗೆ ಜಗಳ ಮಾಡಿದ್ದು, ಮಾಳಿಗೆಯ ಮೇಲೆ ಹಾಕಿದ್ದ ಹಪ್ಪಳವನ್ನು ಕೋತಿ ಎತ್ತಿಕೊಂಡು ಹೋಗಿದ್ದು, ತರಗತಿಯ ಹುಡುಗಿಯೊಬ್ಬಳು ಜಡೆ ಕತ್ತರಿಸಿಕೊಂಡು ಬಂದು ಬೈಸಿಕೊಂಡದ್ದು. ನಮ್ಮ ಸುತ್ತ ಇಷ್ಟೆಲ್ಲ ನಡೆದದ್ದು ನನಗೇ ಗೊತ್ತಿರಲಿಲ್ಲ. ಅರ್ಧವನ್ನು ಅವಳೇ ಕಟ್ಟಿ ಹೇಳಿದಳೋ ಏನೋ. ಸಿಸ್ಟರ್ ಹೊರಗೆ ಬಂದು, ನಲವತ್ತು ನಿಮಿಷ ಆಯಿತು ಎಂದರು.

ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಜೊತೆಗೆ, ನಾನಿಲ್ಲದಿದ್ದರೆ ನನ್ನ ಮಗಳು ಉಸಿರಾಡಬಲ್ಲಳು ಎಂಬುದೂ ತಿಳಿಯಿತು. ಆಮೇಲಿನ ಎರಡು ವಾರ ನಾನು ಒಳಗೆ ಹೋಗಲಿಲ್ಲ. ನಲವತ್ತು ನಿಮಿಷ ಎರಡು ಗಂಟೆಯಾಯಿತು, ಅರ್ಧ ದಿನವಾಯಿತು. ಒಂದು ದಿನ ಯಂತ್ರವನ್ನು ತಳ್ಳಿಕೊಂಡು ಬೇರೆ ಹಾಸಿಗೆಗೆ ಒಯ್ದರು.

ಕತ್ತಿನ ಕೊಳವೆ ತೆಗೆದ ದಿನ ಬಂದ ದನಿ ಅವಳದಾಗಿರಲಿಲ್ಲ. ದಪ್ಪನೆಯ, ಒಡೆದ ದನಿ. "ಅಮ್ಮ, ಹುಳಿ ಅನ್ನ" ಅಂದಳು. ಹೆಂಡತಿ ಅಷ್ಟು ದಿನವೂ ಅತ್ತಿರಲಿಲ್ಲ. ಅವತ್ತು ಕಾರಿಡಾರಿಗೆ ಓಡಿಬಂದು ಗೋಡೆಗೆ ಮುಖ ಮಾಡಿ ಅತ್ತಳು. ನಾನು ಹತ್ತಿರ ಹೋದೆ. ಅವಳು ಒಂದು ಹೆಜ್ಜೆ ಆಚೆ ಸರಿದಳು.

ಮನೆಗೆ ಬಂದ ಮೇಲೆ ಆರು ತಿಂಗಳು ಎದೆಗೆ ಗಟ್ಟಿ ಕವಚ ಹಾಕಿಕೊಂಡಿರಬೇಕಿತ್ತು. ಶಾಲೆಯ ಒಂದು ವರ್ಷ ಹೋಯಿತು. ಆಸ್ಪತ್ರೆಯವರು ಮೂರು ಚೆಂಡುಗಳ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಿದ್ದರು. ಅದರ ನಳಿಕೆಯಿಂದ ಉಸಿರೆಳೆದರೆ ಚೆಂಡುಗಳು ಮೇಲೇಳಬೇಕು. ಬೆಳಿಗ್ಗೆ ಸಂಜೆ ಕಿಟಕಿಯ ಹತ್ತಿರ ಕೂತು ಎಳೆಯುತ್ತಿದ್ದಳು. ಒಂದು ಚೆಂಡು ಏಳಲು ತಿಂಗಳಾಯಿತು, ಎರಡನೆಯದಕ್ಕೆ ಇನ್ನೂ ನಾಲ್ಕು ತಿಂಗಳು. ಮೂರನೆಯದು ಕೊನೆಗೂ ಏಳಲಿಲ್ಲ. ಬೆಟ್ಟದ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಹೆಂಡತಿ ನನ್ನೊಡನೆ ಮತ್ತೆ ಮಾತು ಶುರು ಮಾಡಿದ್ದು ಮಗಳು ಮನೆಗೆ ಬಂದ ಕೆಲವೇ ದಿನಕ್ಕೆ, ಒಂದು ಬೆಳಿಗ್ಗೆ, "ಹಾಲು ತಂದ್ರಾ?" ಎಂದು. ತಂದೆ ಎಂದೆ. ಅಲ್ಲಿಂದ ಮುಂದೆ ಬೇಕಾದ ಮಾತೆಲ್ಲ ಆಡಿದ್ದೇವೆ. ಆ ಎರಡು ತಿಂಗಳ ಬಗ್ಗೆ ಮಾತ್ರ ಆಡಿಲ್ಲ.

ಮಗಳು ಕಾಲೇಜಿನಲ್ಲಿದ್ದಾಗ ಬೇರೆ ಡಾಕ್ಟರೊಬ್ಬರು ಹಳೆಯ, ಹೊಸ ಎಕ್ಸ್‌ರೇಗಳನ್ನು ಪಕ್ಕಪಕ್ಕ ಇಟ್ಟು ನೋಡಿ, "ಆಗಲೇ ಮಾಡಿಸಿದ್ದು ಒಳ್ಳೇದಾಯ್ತು. ಇಲ್ದಿದ್ರೆ ಈಗ ಕಷ್ಟ ಇತ್ತು" ಎಂದರು. ನಾನು ಇಷ್ಟು ವರ್ಷ ಕಾದಿದ್ದ ಮಾತು. ಹೆಂಡತಿ ಪಕ್ಕದ ಕುರ್ಚಿಯಲ್ಲೇ ಇದ್ದಳು, ಕೇಳಿಸಿಕೊಂಡಳು. ಎಕ್ಸ್‌ರೇಗಳನ್ನು ಕವರಿಗೆ ಹಾಕಿದಳು. ನನಗೆ ಅದರಿಂದ ಏನೂ ಹಗುರವಾಗಲಿಲ್ಲ.

ಮಗಳಿಗೆ ಇಪ್ಪತ್ತೊಂದು ತುಂಬಿದ ವರ್ಷದ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಯಿತು. ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದ್ದರು. ನಾನು ಹಾಸಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವಳು ಮಾಸ್ಕ್ ಸರಿಸಿ, ಆ ಒಡೆದ ದನಿಯಲ್ಲಿ ನಿಧಾನವಾಗಿ ಹೇಳಿದಳು.

"ಅಪ್ಪ, ಹಾಗೆ ನನ್ನ ಎದೆ ನೋಡ್ತಾ ಕೂರಬೇಡ. ನೀನು ನೋಡ್ತಿದ್ರೆ ಉಸಿರಾಡಬೇಕು ಅಂತ ನೆನಪಾಗುತ್ತೆ. ನೆನಪಾದ್ರೆ ಆಗಲ್ಲ."

"ಸರಿ" ಅಂದೆ.

"ಬೇಜಾರು ಮಾಡ್ಕೋಬೇಡ. ಹೊರಗೆ ಹೋಗಿ ಕಾಫಿ ಕುಡಿದು ಬಾ."

ಹೋಗಿ ಕುಡಿದು ಬಂದೆ. ಒಂಬತ್ತನೆಯ ದಿನ ಆಟೋದಲ್ಲಿ ಮನೆಗೆ ಕರೆತಂದೆವು. ಇನ್ನು ಮೇಲೆ ಚಳಿಗಾಲಗಳಲ್ಲಿ ಇದು ಇದ್ದದ್ದೇ, ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಶಕ್ತಿ ಕಡಿಮೆಯಾಗಬಹುದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಎಲ್ಲಿಯವರೆಗೆ ಎಂದು ನಾನು ಕೇಳಲಿಲ್ಲ. ಹೆಂಡತಿಯೂ ಕೇಳಲಿಲ್ಲ. ಮಗಳು ಮಾತ್ರ ಕೇಳಿದಳು. ಡಾಕ್ಟರು ಅವಳ ಹೆಗಲು ತಟ್ಟಿ, ಮುಂದಿನ ಹಾಸಿಗೆಯ ಕಡೆಗೆ ಹೋದರು.