ಸುತ್ತು ಮುಗಿಸುವ ಕೇಬಲ್

ಕೊಳ್ಳುವ ವಿಷಯದಲ್ಲಿ ನಾನು ಯಾರ ಮಾತಿಗೂ ಸುಲಭವಾಗಿ ಬಗ್ಗುವವನಲ್ಲ. ವಿಜಯನಗರದಲ್ಲಿ ನನ್ನದೊಂದು ಪುಟ್ಟ ಅಂಗಡಿ. ಕಚೇರಿಗಳಿಗೆ, ಶಾಲೆಗಳಿಗೆ ನೆಟ್‌ವರ್ಕ್ ಹಾಕಿಕೊಡುವುದು ಕಸುಬು. ಅದಕ್ಕೂ ಮೊದಲು ರಾಜಾಜಿನಗರದ ತಾರಸಿಗಳ ಮೇಲೆ ಕೇಬಲ್ ಟೀವಿಯ ತಂತಿ ಎಳೆಯುತ್ತಿದ್ದೆ. ಓದಿ ಕಲಿತದ್ದು ಕಡಿಮೆ. ಬಿಚ್ಚಿ, ಕೆಡಿಸಿ, ಬೈಸಿಕೊಂಡು ಕಲಿತದ್ದೇ ಹೆಚ್ಚು. ಇಷ್ಟು ವರ್ಷ ತಂತಿಗಳ ನಡುವೆಯೇ ಬದುಕಿದವನಿಗೆ ತಂತಿ ನೋಡಿ ಮೈ ಜುಮ್ಮೆನ್ನುವುದು ಉಂಟೇ ಎಂದು ನೀವು ಕೇಳಬಹುದು. ಉಂಟು. ನಾಗರಬಾವಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನನಗೆ ಹಾಗಾಯಿತು.

ಕೇಂದ್ರ ನಡೆಸುತ್ತಿದ್ದವರು ಒಬ್ಬ ಮೇಡಂ. ಶಾಲೆಯ ಕೆಲಸ ಬಿಟ್ಟು, ಒಂದು ಕಟ್ಟಡದ ಮೊದಲ ಮತ್ತು ಎರಡನೇ ಮಹಡಿ ಬಾಡಿಗೆಗೆ ಹಿಡಿದು ಶುರು ಮಾಡಿದ್ದರು. ಈಗೀಗ ಹುಡುಗರೆಲ್ಲ ಮೊಬೈಲಿನಲ್ಲೇ ಕಲಿಯುತ್ತಾರೆ. ಬ್ಯಾಚುಗಳು ಖಾಲಿಯಾಗುತ್ತಿದ್ದವು. ಕಟ್ಟಡದ ಓನರ್‌ಗೆ ಆ ಎರಡು ಮಹಡಿಗಳಲ್ಲಿ ಮಂಚ ಹಾಕಿ ಹುಡುಗರಿಗೆ ಬಾಡಿಗೆಗೆ ಕೊಡುವ ಪೀಜಿ ಮಾಡುವ ಆಸೆ ಹುಟ್ಟಿತ್ತು. ಮೇಡಂಗೆ ಉಳಿದಿದ್ದು ಒಂದೇ ದಾರಿ, ಆನ್‌ಲೈನ್ ಪ್ರವೇಶ ಪರೀಕ್ಷೆಗಳ ಕೇಂದ್ರವಾಗುವುದು. ಪರೀಕ್ಷೆ ನಡೆಸುವವರ ಕಡೆಯಿಂದ ಒಬ್ಬರು ಬಂದು ನೋಡಿ ಒಪ್ಪಿದರೆ ಜಾಗ ಉಳಿಯುತ್ತದೆ. ಒಪ್ಪದಿದ್ದರೆ ಬೋರ್ಡು ಇಳಿಸಬೇಕು.

"ಸಾರ್, ಅವರು ಬಂದು ಯಾವ್ದಾದ್ರೂ ಒಂದು ವೈರು ಕಿತ್ತು ನೋಡ್ತಾರಂತೆ. ಕಿತ್ರೂ ಒಬ್ಬನ ಪರೀಕ್ಷೆನೂ ನಿಲ್ಬಾರ್ದಂತೆ. ಇದೆಲ್ಲಾ ಆಗೋ ಮಾತಾ?" ಎಂದು ಅವರು ಕೇಳಿದರು.

"ಆಗುತ್ತೆ ಮೇಡಂ."

"ನೀವು ಎಲ್ಲದಕ್ಕೂ ಆಗುತ್ತೆ ಅಂತೀರಾ. ಹೋದ್ಸಲ ಪ್ರಿಂಟರ್‌ಗೂ ಆಗುತ್ತೆ ಅಂದಿದ್ರಿ."

ನಾನು ಟೇಪು ತೆಗೆದು ಗೋಡೆಯ ಅಳತೆಗೆ ಹೊರಟೆ.

ಸ್ವಿಚ್ ಎಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದು ಲೈಟಿನ ಸ್ವಿಚ್ಚಲ್ಲ. ಉದ್ದನೆಯ ಚಪ್ಪಟೆ ಪೆಟ್ಟಿಗೆ, ಮುಂಭಾಗದ ತುಂಬ ಸಾಲು ಸಾಲು ಬಾಯಿ. ಆ ಬಾಯಿಗಳಿಗೆ ಪೋರ್ಟ್ ಎನ್ನುತ್ತಾರೆ. ಕೋಣೆಯ ಒಂದೊಂದು ಕಂಪ್ಯೂಟರಿನ ತಂತಿಯೂ ಬಂದು ಅದಕ್ಕೆ ಸೇರುತ್ತದೆ. ಮೇಡಂ ಅವರಿಗೆ ಅಂಥ ನಾಲ್ಕು ಬೇಕಿತ್ತು, ಮಹಡಿಗೆ ಎರಡರಂತೆ. ಸಾಮಾನ್ಯವಾಗಿ ಒಂದರಿಂದ ಇನ್ನೊಂದಕ್ಕೆ ಒಂದು ತಂತಿ ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ನಮ್ಮ ಹಳೆಯ ಕೇಬಲ್ ಟೀವಿಯೂ ಹಾಗೆಯೇ ಇತ್ತು: ಒಂದು ಮನೆಯ ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ ತಂತಿ ಕಿತ್ತರೆ, ಅಲ್ಲಿಂದ ಮುಂದಿನ ಬೀದಿಯಷ್ಟೂ ಕಪ್ಪು. ಧಾರಾವಾಹಿಯ ಹೊತ್ತಾಗಿದ್ದರೆ ನನ್ನ ಗತಿ ಕೇಳಬೇಡಿ.

ಸ್ಟ್ಯಾಕ್ ಮಾಡುವುದು ಬೇರೆಯೇ. ನಾಲ್ಕು ಪೆಟ್ಟಿಗೆಗಳನ್ನು ವೇಗದ ಕೇಬಲ್ಲಿನಿಂದ ಬೆಸೆದು, ತಾವು ನಾಲ್ಕಲ್ಲ ಒಂದೇ ಎಂದು ಅವುಗಳೇ ನಂಬುವಂತೆ ಮಾಡುವುದು. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ, ಮತ್ತೆ ನಾಲ್ಕರಿಂದ ಒಂದಕ್ಕೆ. ಆ ಕೊನೆಯ ಕೇಬಲ್ ಬಿದ್ದಾಗಲೇ ಸುತ್ತು ಪೂರ್ತಿ. ಆಮೇಲೆ ಎಲ್ಲಿ ಒಂದು ಕಡೆ ಕಿತ್ತರೂ ಮಾಹಿತಿ ಇನ್ನೊಂದು ದಿಕ್ಕಿನಿಂದ ಸುತ್ತಿ ಬರುತ್ತದೆ. ಇದನ್ನು ನಾನು ಬೇರೆಯವರು ಮಾಡಿದ್ದನ್ನು ಕಂಡಿದ್ದೆ, ಸಣ್ಣದಾಗಿ ಎರಡು ಪೆಟ್ಟಿಗೆ ಕಟ್ಟಿಯೂ ಇದ್ದೆ. ಎರಡು ಮಹಡಿಯ ಮೇಲೆ ಕಟ್ಟಿ, ಜನ ಕೆಲಸ ಮಾಡುತ್ತಿರುವಾಗಲೇ ಕಿತ್ತು ನೋಡಿದವನಲ್ಲ.

ಕೊಳ್ಳಲು ಹೋದದ್ದು ನಾಯಂಡಹಳ್ಳಿಗೆ. ಅಲ್ಲಿ ನನಗೆ ಹಳೇ ಪರಿಚಯದ ಡೀಲರನ ಗೋಡೌನ್ ಇದೆ. ನನ್ನನ್ನು ಕಂಡ ಕೂಡಲೇ ಅವನು, "ನೀವು ಮೆಟ್ರೋ ಇಳಿದಿದ್ದು ಗೊತ್ತಾಗಿದ್ರೆ ಶಟರ್ ಎಳ್ದು ಊಟಕ್ಕೆ ಹೋಗ್ತಿದ್ದೆ ಅಣ್ಣ" ಎಂದ.

"ಊಟ ಮಾಡ್ಕೊಂಡೇ ಬಾ ಗುರು. ಹೊಟ್ಟೆ ತುಂಬಿದ್ರೆ ಮನಸ್ಸು ದೊಡ್ಡದಾಗುತ್ತೆ."

ಅವನು ಮೊದಲು ತೋರಿಸಿದ್ದು ಬೆನ್ನಿನಲ್ಲಿ ಸ್ಟ್ಯಾಕಿಗೆಂದೇ ಬೇರೆ ಪೋರ್ಟ್ ಇರುವ ಪೆಟ್ಟಿಗೆ. ಅದರ ಕೇಬಲ್ ಹೆಬ್ಬೆರಳಿನಷ್ಟು ದಪ್ಪ, ತೋಳಿನಷ್ಟು ಉದ್ದ. ಒಂದೇ ಕಬ್ಬಿಣದ ಗೂಡಿನಲ್ಲಿ ಒಂದರ ಮೇಲೊಂದು ಜೋಡಿಸುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ, ಮುಂದಿನ ಪೋರ್ಟುಗಳೆಲ್ಲ ನಿಮಗೇ ಉಳಿಯುತ್ತವೆ. ಆದರೆ ಅದು ಮಹಡಿ ಹತ್ತುವುದಿಲ್ಲ.

"ಇದಕ್ಕೆ ಉದ್ದದ್ದು ಬರಲ್ವಾ?"

"ಇನ್ನೂ ಸ್ವಲ್ಪ ಉದ್ದ ಬರುತ್ತೆ. ಮೆಟ್ಲು ಹತ್ತಿಸ್ತೀನಿ ಅಂದ್ರೆ ಇಲ್ಲ. ನಾಲ್ಕೂ ಕೆಳಗೇ ಇಟ್ಬಿಡಿ ಅಣ್ಣ."

ನಾಲ್ಕೂ ಕೆಳಗಿಟ್ಟರೆ ಮೇಲಿನ ಅಷ್ಟೂ ಕಂಪ್ಯೂಟರುಗಳ ತಂತಿಯನ್ನು ಕೆಳಗಿಳಿಸಬೇಕು. ಅಷ್ಟು ತೂತಿಗೆ ಆ ಓನರ್ ಒಪ್ಪುವ ಆಸಾಮಿಯಲ್ಲ. ಹಾಗಾಗಿ ನನಗೆ ಬೇಕಾಗಿದ್ದು ಮುಂಭಾಗದ ವೇಗದ ಪೋರ್ಟುಗಳಲ್ಲೇ ಸ್ಟ್ಯಾಕ್ ಆಗುವ ಜಾತಿ. ಅದರಲ್ಲಿ ಪಕ್ಕಪಕ್ಕದ ಪೆಟ್ಟಿಗೆಗಳ ನಡುವೆ ಮೋಟು ತಾಮ್ರದ ಕೇಬಲ್ ಸಾಕು. ಮಹಡಿಯಿಂದ ಮಹಡಿಗೆ ಗಾಜಿನ ಎಳೆಯ ಫೈಬರ್ ಹಾಕಿ, ಎರಡೂ ತುದಿಗೆ ಬೆರಳುದ್ದದ ಮಾಡ್ಯೂಲ್ ಸಿಕ್ಕಿಸಬಹುದು. ಡೀಲರ್ ಮೆಲ್ಲಗೆ ವೇಗದ ಪೋರ್ಟ್ ಎರಡೇ ಇರುವ ಪೆಟ್ಟಿಗೆಯನ್ನು ಮುಂದೆ ತಳ್ಳಿದ.

"ಸುತ್ತು ಕಟ್ಟೋಕೆ ಆ ಕಡೆ ಒಂದು, ಈ ಕಡೆ ಒಂದು. ಎರಡು ಸಾಕಲ್ವಾ ಅಣ್ಣ?"

"ಸಾಕು. ಆಮೇಲೆ ಪ್ರಶ್ನೆಪತ್ರಿಕೆ ಕಳ್ಸೋ ಸರ್ವರ್ ವೈರ್‌ನ ನಿನ್ ಜೇಬಿಗೆ ಚುಚ್ಲಾ?"

ನಾಲ್ಕು ಇರುವುದನ್ನೇ ತೆಗೆಸಿದೆ. ನೀವು ಯಾರಾದರೂ ಇಂಥದ್ದಕ್ಕೆ ಹೊರಟರೆ ಕೇಳಿಸಿಕೊಳ್ಳಿ. ಚೌಕಾಸಿ ಪೆಟ್ಟಿಗೆಯ ಮೇಲೆ ಮಾಡಿ, ಬೆಸೆಯುವ ಕೇಬಲ್ಲಿನ ಮೇಲೆ ಮಾಡಬೇಡಿ. ನಾಲ್ಕೂ ಒಂದೇ ಮಾಡೆಲ್ ಇರಲಿ, ಒಳಗಿನ ಸಾಫ್ಟ್‌ವೇರೂ ಒಂದೇ ಆಗಿರಲಿ. ಬಿಟ್ಟಿಗೆ ಕೊಡುತ್ತಾರೆಂದು ಯಾವುದೋ ಕಂಪನಿಯ ಮಾಡ್ಯೂಲ್ ತೆಗೆದುಕೊಳ್ಳಬೇಡಿ. ಪೆಟ್ಟಿಗೆ ಅದನ್ನು ಮನೆಯೊಳಕ್ಕೆ ಸೇರಿಸದೆ ಹೋಗಬಹುದು. ಎಷ್ಟು ಪೋರ್ಟ್ ಬೇಕೆಂದು ಎಣಿಸಿದ ಮೇಲೆ ಇನ್ನೂ ಒಂದು ಹೆಚ್ಚಿಗೆ ಇದೆಯೇ ನೋಡಿಕೊಳ್ಳಿ. ಬೇಕಾಗುವುದು ಯಾವಾಗಲೂ ಆ ಇನ್ನೂ ಒಂದೇ.

ಮೊದಲ ಫೈಬರನ್ನು ಮೆಟ್ಟಿಲ ಪಕ್ಕದಲ್ಲಿ ಹತ್ತಿಸಿದೆ. ಸುತ್ತು ಮುಗಿಸುವ ಎರಡನೆಯದನ್ನು ಕಟ್ಟಡದ ಇನ್ನೊಂದು ಬದಿಯ ಹೊರಗೋಡೆಯಲ್ಲಿ ಬೇರೆ ಪೈಪು ಹಾಕಿ ತರಬೇಕೆಂದೆ.

"ಒಂದೇ ಪೈಪಲ್ಲಿ ಹಾಕಿದ್ರೆ ನೀಟಾಗಿರುತ್ತಲ್ವಾ ಸಾರ್?" ಎಂದರು ಮೇಡಂ.

"ನೀಟಾಗಿ ಎರಡೂ ಒಟ್ಟಿಗೇ ಕಿತ್ಕೊಂಡ್ ಹೋಗುತ್ತೆ ಮೇಡಂ. ಒಂದು ಇಲಿ ಸಾಕು."

ಹೊರಗೋಡೆಗೆ ಓನರ್ ಹೂಂ ಅನ್ನುವಷ್ಟರಲ್ಲಿ ಆಯುಧಪೂಜೆ ಬಂತು. ಕೊನೆಯ ಫೈಬರ್ ಬಂದು ಕೂತದ್ದು ಹಬ್ಬ ಕಳೆದ ಮೇಲೆ, ಪರಿಶೀಲನೆಯ ದಿನ ಬೆಳಿಗ್ಗೆಯೇ. ನಾನು ಎರಡನೇ ಮಹಡಿಗೆ ಹೋಗಿ ನಾಲ್ಕನೆಯ ಪೆಟ್ಟಿಗೆಯ ಪೋರ್ಟಿಗೆ ಮಾಡ್ಯೂಲ್ ತಳ್ಳಿ, ಫೈಬರ್ ಸಿಕ್ಕಿಸಿದೆ. ದೀಪ ಹತ್ತಲಿಲ್ಲ. ತೆಗೆದು ಹಾಕಿದೆ. ಇಲ್ಲ.

ಮೇಡಂ ಬಾಗಿಲಲ್ಲೇ ನಿಂತಿದ್ದರು. "ಅವರು ಮಧ್ಯಾಹ್ನ ಬರ್ತಾರೆ ಸಾರ್."

"ಬರ್ಲಿ ಮೇಡಂ. ಅಷ್ಟರಲ್ಲಿ ಆಗುತ್ತೆ."

ಹಾಗೆಂದವನೇ ಡೀಲರನಿಗೆ ಫೋನ್ ಮಾಡಿ ಬಾಯಿಗೆ ಬಂದದ್ದು ಬೈದೆ. ಅವನು ತಣ್ಣಗೆ, "ಮಾಡ್ಯೂಲ್‌ನ ಬೇರೆ ಪೆಟ್ಟಿಗೆಗೆ ಹಾಕ್ ನೋಡಿ ಅಣ್ಣ, ಆಮೇಲೆ ಮಿಕ್ಕಿದ್ದು ಬೈಯೋರಂತೆ" ಎಂದ. ಪಕ್ಕದ ಪೆಟ್ಟಿಗೆಗೆ ಹಾಕಿದರೆ ಅದು ಸರಿಯಾಗಿ ಗುರುತು ಹಿಡಿಯಿತು. ಹಾಗಾದರೆ ಕೆಟ್ಟಿರುವುದು ಪೋರ್ಟು. ಮೊಬೈಲಿನ ಟಾರ್ಚ್ ಬಿಟ್ಟು ಒಳಗೆ ಇಣುಕಿದೆ. ಒಳಗೆಲ್ಲ ಕೆಂಪು.

"ಮೇಡಂ, ಪೂಜೆ ಮಾಡಿದ್ರಾ ಇದಕ್ಕೆ?"

"ಮಾಡ್ದೇ ಇರ್ತೀನಾ ಸಾರ್? ಇಡೀ ಕೇಂದ್ರ ಇದರ ಮೇಲೇ ನಿಂತಿದೆ ಅಂತ ನೀವೇ ಹೇಳಿದ್ರಲ್ಲ."

"ಇಲ್ಲೊಂದು ಕಪ್ಪು ರಬ್ಬರ್ ಮುಚ್ಚಳ ಇತ್ತಲ್ಲ?"

"ಧೂಳಾಗಿತ್ತು, ತೆಗ್ದು ತೊಳ್ದಿಟ್ಟೆ. ಅಲ್ಲಿ ನಾಲ್ಕು ಚೌಕ ಚೆನ್ನಾಗಿ ಸಾಲಾಗಿತ್ತು. ಒಂದಕ್ಕೆ ಕುಂಕುಮ ಇಟ್ಟೆ." ನನ್ನ ಮುಖ ನೋಡಿ ಕೇಳಿದರು, "ಇಡಬಾರ್ದಿತ್ತಾ?"

ನೀರಿನಲ್ಲಿ ಕಲಸಿದ ಕುಂಕುಮ ಒಳಗಿಳಿದು, ಮಾಡ್ಯೂಲ್ ತಾಗುವ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಗಟ್ಟಿಯಾಗಿ ಕೂತಿತ್ತು. ಕಂಪ್ಯೂಟರಿಗೆ, ಯುಪಿಎಸ್‌ಗೆ, ನನ್ನ ಸ್ಕೂಟರಿಗೆ ನಾವೆಲ್ಲ ಇಡುವುದು ಹಾಗೆಯೇ ಅಲ್ಲವೇ? ಅವರನ್ನು ಏನೆಂದು ಬೈಯಲಿ? ಅವರ ಮುಖ ಆಗಲೇ ಬಾಡಿತ್ತು. "ಓನರ್ ನಿನ್ನೆನೂ ಬಂದು ಮಂಚ ಎಷ್ಟು ಹಿಡಿಯುತ್ತೆ ಅಂತ ಅಳತೆ ಮಾಡ್ಕೊಂಡ್ ಹೋದ್ರು ಸಾರ್" ಎಂದು ಗೋಡೆ ನೋಡುತ್ತಾ ಹೇಳಿದರು.

ಕೆರೆದು ತೆಗೆಯಲು ಹೋದರೆ ಹಲ್ಲು ಬಾಗುತ್ತದೆ. ನಾನು ಅದನ್ನು ಮುಟ್ಟಲಿಲ್ಲ. ಪಕ್ಕದ ಖಾಲಿ ಪೋರ್ಟನ್ನು ಒಮ್ಮೆ ಇಣುಕಿ ನೋಡಿ, ಲ್ಯಾಪ್‌ಟಾಪಿನಿಂದ ಅದನ್ನೇ ಸ್ಟ್ಯಾಕಿನ ಪೋರ್ಟ್ ಎಂದು ಬರೆದೆ. ಪೆಟ್ಟಿಗೆಯನ್ನು ಒಮ್ಮೆ ಆರಿಸಿ ಮತ್ತೆ ಎಬ್ಬಿಸಿದೆ. ಅದು ಏಳಲು ತನ್ನ ಹೊತ್ತು ತೆಗೆದುಕೊಂಡಿತು. ಆಮೇಲೆ ಪುಟ್ಟ ಹಸಿರು ದೀಪ ಹತ್ತಿತು. ಅದುವರೆಗೆ 'ಸರಪಳಿ' ಎನ್ನುತ್ತಿದ್ದ ಲ್ಯಾಪ್‌ಟಾಪಿನ ಪರದೆ 'ಸುತ್ತು' ಎಂಬ ಅರ್ಥದ ಪದ ತೋರಿಸಿತು. ನಾಲ್ಕೂ ಪೆಟ್ಟಿಗೆಗಳು ಒಂದರ ಕೆಳಗೊಂದು ಸಾಲಾಗಿ, ಒಂದೇ ಹೆಸರಿನಡಿ ಬಂದು ನಿಂತವು.

ಮಧ್ಯಾಹ್ನ ಪರಿಶೀಲನೆಗೆ ಬಂದವರು ಹೆಚ್ಚು ಮಾತಿನವರಲ್ಲ. ಎರಡೂ ಮಹಡಿಯ ಎಲ್ಲ ಕಂಪ್ಯೂಟರುಗಳಲ್ಲಿ ಮಾದರಿ ಪರೀಕ್ಷೆ ಶುರು ಮಾಡಿಸಿದರು. ಪ್ರತಿ ಪರದೆಯ ಮೂಲೆಯಲ್ಲೂ ಗಡಿಯಾರ ಇಳಿಯುತ್ತಿತ್ತು. ಅವರು ನಡೆದು ಹೋಗಿ ಮೆಟ್ಟಿಲ ಕಡೆಯ ಫೈಬರ್ ಹಿಡಿದುಕೊಂಡು, "ಇದನ್ನ ತೆಗೀಲಾ?" ಎಂದರು.

"ತೆಗೀರಿ ಸಾರ್" ಎಂದೆ. ಮೇಡಂ ಕಣ್ಣು ಮುಚ್ಚಿಕೊಂಡರು.

ತೆಗೆದರು. ನಾನು ಗಡಿಯಾರಗಳನ್ನೇ ನೋಡುತ್ತಿದ್ದೆ. ಅಷ್ಟೂ ಪರದೆಗಳಲ್ಲಿ ಸೆಕೆಂಡುಗಳು ಏನೂ ಆಗಿಲ್ಲವೆಂಬಂತೆ ಇಳಿಯುತ್ತಾ ಹೋದವು. ಸರ್ವರ್ ಇದ್ದದ್ದು ಕೆಳಗೆ. ನಡುವಿನ ದಾರಿ ಅವರ ಕೈಯಲ್ಲಿ ಜೋತಾಡುತ್ತಿತ್ತು. ಆದರೂ ಮೇಲಿನ ಮಾತೆಲ್ಲ ಹೊರಗೋಡೆಯನ್ನು ಬಳಸಿ ಕೆಳಗಿಳಿದು ಹೋಗುತ್ತಿತ್ತು. ಆ ದಾರಿಯನ್ನು ಹಾಕಿದವನು ನಾನೇ, ಹೀಗೇ ಆಗಬೇಕೆಂದು ಗೊತ್ತಿದ್ದವನೂ ನಾನೇ. ಆದರೂ ನನ್ನ ಕೈಯ ಕೂದಲು ನೆಟ್ಟಗಾಯಿತು.

ಅವರು ಅಷ್ಟಕ್ಕೆ ಬಿಡಲಿಲ್ಲ. ಫೈಬರನ್ನು ಹಿಂದಕ್ಕೆ ಹಾಕಿಸಿ, ಕೆಳಗಿಳಿದು, "ಇದರಲ್ಲಿ ಯಜಮಾನ ಯಾವ್ದು?" ಎಂದರು. ನಾಲ್ಕರಲ್ಲಿ ಒಂದು ಮಿಕ್ಕವನ್ನು ನಡೆಸುತ್ತದೆ. ಒಂದನೆಯದನ್ನು ತೋರಿಸಿದೆ. ಅದರ ಕರೆಂಟನ್ನೇ ಕಿತ್ತರು. ಅದಕ್ಕೆ ಕಟ್ಟಿದ್ದ ಸಾಲುಗಳು ನಿಂತವು. ಪೆಟ್ಟಿಗೆಯೇ ಆರಿದರೆ ಅದಕ್ಕೆ ನಿಯಮದಲ್ಲೇ ಅವಕಾಶವಿತ್ತು, ಅಲ್ಲಿಯ ಹುಡುಗರನ್ನು ಖಾಲಿ ಇಟ್ಟ ಮೀಸಲು ಕಂಪ್ಯೂಟರಿಗೆ ಕಳಿಸಬೇಕು. ಬೇರೆ ಪರದೆಗಳಲ್ಲಿ ಗಡಿಯಾರಗಳು ಒಂದು ಉಸಿರು ಹಿಡಿಯುವಷ್ಟು ಹೊತ್ತು ತಡೆದವು. ನಾನೂ ಹಿಡಿದೆ. ಮತ್ತೆ ಇಳಿಯತೊಡಗಿದವು. ಸರ್ವರಿನ ಇನ್ನೊಂದು ತಂತಿಯನ್ನು ಎರಡನೆಯದಕ್ಕೆ ಕಟ್ಟಿದ್ದೆ. ಯಜಮಾನಿಕೆಯನ್ನೂ ಅದೇ ವಹಿಸಿಕೊಂಡಿತ್ತು. ಯಾರೂ ಅದಕ್ಕೆ ಹೇಳಿರಲಿಲ್ಲ. ಮನೆಯ ಹಿರಿಯರು ಹೋದಾಗ ಮುಂದೆ ಯಾರು ನೋಡಿಕೊಳ್ಳಬೇಕೆಂದು ತಿಂಗಳುಗಟ್ಟಲೆ ಕಿತ್ತಾಡಿದ ಮನೆಗಳನ್ನು ನಾನು ಕಂಡಿದ್ದೇನೆ. ಈ ತಗಡಿನ ಪೆಟ್ಟಿಗೆಗಳು ಒಂದು ಉಸಿರಿನಲ್ಲಿ ಮುಗಿಸಿದವು.

ಬಂದವರು ಒಂದನೆಯದಕ್ಕೆ ಮತ್ತೆ ಕರೆಂಟ್ ಹಾಕಿಸಿ, ಅದು ಎದ್ದು ಸುತ್ತಿಗೆ ಸೇರಿದ ಮೇಲೆ ಮೂಲೆಯಲ್ಲಿ ಕೂತು ತಮ್ಮ ಟ್ಯಾಬ್ಲೆಟ್ಟಿನಲ್ಲಿ ಏನೋ ಒತ್ತಿದರು. ಎದ್ದು, ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಸರಿ ಇದೆ ಮೇಡಂ, ಒಪ್ಪಿಗೆ ಹಾಕಿದೀನಿ. ಮುಂದಿನ ಪರೀಕ್ಷೆಗೆ ನಿಮ್ಮ ಕೇಂದ್ರ ಸೇರ್ಕೊಳುತ್ತೆ" ಎಂದು ಹೊರಟರು.

ಮೇಡಂ ಕುಣಿಯಲಿಲ್ಲ, ಅಳಲೂ ಇಲ್ಲ. ಕೆಳಗಿನ ಎರಡು ಪೆಟ್ಟಿಗೆಗಳಿದ್ದ ಗೂಡಿನ ಮುಂದೆ ಬಂದು ನಿಂತರು.

"ಸಾರ್, ಅವರು ಕಿತ್ತಾಗ ನಾನ್ ಕಣ್ ಮುಚ್ಕೊಂಡಿದ್ದೆ. ಏನಾಯ್ತು ಅಂತ ನೋಡ್ಲೇ ಇಲ್ಲ."

"ಈಗ ನೋಡಿ. ಮಾದರಿ ಪರೀಕ್ಷೆ ಇನ್ನೂ ನಡೀತಿದೆ. ಮೇಲೆ ಹೋಗಿ ಗಡಿಯಾರ ನೋಡಿ, ನಾನು ಇಲ್ಲಿಂದ ಕೀಳ್ತೀನಿ."

"ನೀವು ಬೇಡ, ನಾನೇ ಕೀಳ್ತೀನಿ."

ಅವರೇ ಮೆಟ್ಟಿಲ ಕಡೆಯ ಫೈಬರಿನ ಕೊಕ್ಕೆ ಒತ್ತಿ ಹೊರಗೆಳೆದು, ತುದಿಯನ್ನು ನನ್ನ ಕೈಗಿಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿ ಓಡಿದರು. ಚೌಕಾಸಿಯಲ್ಲಿ ಗೆದ್ದ ಸಂತೋಷ ನನಗೆ ಚೆನ್ನಾಗಿ ಗೊತ್ತು, ಇದು ಅದಲ್ಲ. ಕಿತ್ತ ತುದಿಯನ್ನು ಅಂಗೈಯಲ್ಲಿ ಹಿಡಿದುಕೊಂಡು, ದೇವಸ್ಥಾನದಲ್ಲಿ ನಿಂತವನ ಹಾಗೆ ಸುಮ್ಮನೆ ನಿಂತಿದ್ದೆ. ಮೇಲಿನಿಂದ, ತರಗತಿಯಲ್ಲಿ ಕೊನೆಯ ಬೆಂಚಿಗೂ ಕೇಳಿಸಿ ಅಭ್ಯಾಸವಿದ್ದ ಆ ದನಿ ಬಂತು.

"ಓಡ್ತಾ ಇದೆ ಸಾರ್! ಹಾಕ್ಬೇಡಿ, ಹಾಕ್ಬೇಡಿ, ಇನ್ನೂ ಓಡ್ತಾನೇ ಇದೆ!"