ಗಂಗಾಂಬಿಕೆ ಕಾಯುವ ಮರದ ಮಹಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗುಬ್ಬಿಯ ಪೇಟೆಬೀದಿಯ ಹಳೇ ಕಟ್ಟಡದ ಮಹಡಿಯಲ್ಲಿ ಗಂಗಾಂಬಿಕೆ ಕುರ್ಚಿಯೊಂದನ್ನು ತಲೆಕೆಳಗು ಮಾಡಿಕೊಂಡು ಕೂತಿದ್ದಾರೆ. ಪಕ್ಕದಲ್ಲಿ ಕತ್ತರಿ, ದಾರ, ಹಳೇ ಸೈಕಲ್ ಟ್ಯೂಬಿನ ತುಂಡುಗಳು. ಒಂದೊಂದನ್ನೂ ಕುರ್ಚಿಯ ಕಾಲಿಗೆ ಕಾಲುಚೀಲದಂತೆ ತೊಡಿಸಿ ಬಿಗಿಯುತ್ತಾರೆ. ಇವತ್ತು ಇಲ್ಲಿ ಪಟ್ಟಣ ಪಂಚಾಯಿತಿಯ ಸಭೆ. ಕೆಳಗಿನ ಲೈಬ್ರರಿಯನ್ನು ಎತ್ತಂಗಡಿ ಮಾಡಬೇಕೋ ಬೇಡವೋ ಎಂದು ತೀರ್ಮಾನವಾಗುವುದೂ ಇವತ್ತೇ.

"ಕುರ್ಚಿ ಎಳೆದ್ರೆ ಕೆಳ್ಗಡೆ ಗುಡುಗ್ದಂಗೆ ಕೇಳ್ಸುತ್ತೆ ಸಾ. ಟ್ಯೂಬು ಹಾಕ್ಬುಟ್ರೆ ಬಾಯೇ ಬುಡಲ್ಲ," ಎಂದು ನನ್ನತ್ತ ನೋಡಿ ನಗುತ್ತಾರೆ. ಟ್ಯೂಬು ಸೈಕಲ್ ಶಾಪಿನ ತಿಮ್ಮೇಶ್ ಕೊಟ್ಟದ್ದು.

ಗಂಗಾಂಬಿಕೆ ಇಲ್ಲಿನ ಅಟೆಂಡರ್. ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಪೇಪರ್ ಜೋಡಿಸುವುದು, ಸಭೆಗೆ ಟೀ ಕೊಡುವುದು ಎಲ್ಲವೂ ಇವರದೇ ಪಾಲು. ಮಹಡಿಯ ನೆಲ ಮರದ್ದು. ಬಕೆಟ್ ನೀರು ಸುರಿದರೆ ಕೆಳಗಿನ ಪುಸ್ತಕಗಳ ಮೇಲೆ ಸೋರುತ್ತದೆ. ಹಾಗಾಗಿ ಮಂಡಿಯೂರಿ, ಹಿಂಡಿದ ಬಟ್ಟೆಯಲ್ಲಿ ಹಲಗೆ ಹಲಗೆಯನ್ನೂ ಒರೆಸಬೇಕು. ಗಂಡ ರೇವಣಸಿದ್ದಯ್ಯ ತೀರಿಕೊಂಡಾಗ ಈ ಕೆಲಸಕ್ಕೆ ಬಂದವರು, ಈಗ ಮಂಡಿ ಹಿಡಿದುಕೊಂಡೇ ಏಳುತ್ತಾರೆ.

ಈ ಕಟ್ಟಡ ಎದ್ದ ಬಗೆಯನ್ನು ಹಿರಿಯರು ಇವತ್ತಿಗೂ ಬಾಯಿ ಚಪ್ಪರಿಸಿಕೊಂಡು ಹೇಳುತ್ತಾರೆ. ಮಹಾರಾಜರ ಕಾಲದಲ್ಲಿ ಸಭಾಮಂದಿರ ಬೇಕೆಂದು ಕೆಲವರು, ಓದುವ ಮನೆ ಬೇಕೆಂದು ಕೆಲವರು ಪಟ್ಟು ಹಿಡಿದರಂತೆ. ಇದ್ದದ್ದು ಒಂದೇ ನಿವೇಶನ. ಕೊನೆಗೆ ಕೊಬ್ಬರಿ ಮಂಡಿಯವರು ತೇಗದ ಮರ ಕೊಡಿಸಿ, ಕೆಳಗೆ ಲೈಬ್ರರಿ, ಮೇಲೆ ಸಭೆ ಎಂದು ರಾಜಿ ಮಾಡಿದರು. ನಡುವೆ ಇರುವುದು ಹಲಗೆ ಮಾತ್ರ. ಮೇಲೆ ಓಡಾಡಿದರೆ ಓದುವವರ ತಲೆಯ ಮೇಲೇ ಓಡಾಡಿದ ಹಾಗೆ. ಆದ್ದರಿಂದ ಮೊದಲ ಸಭೆಯಲ್ಲೇ ಸದಸ್ಯರು ತಮಗೆ ತಾವೇ ನಿಯಮ ಹಾಕಿಕೊಂಡರು: ಯಾರೇ ಆಗಲಿ, ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟೇ ಹತ್ತಬೇಕು. ಊರು ಆಳುವವರು ಊರಲ್ಲಿ ಓದುವವರಿಗೆ ಕೊಟ್ಟ ಮರ್ಯಾದೆ ಅದು. ಎಂಥ ದೊಡ್ಡ ಮನಸ್ಸು!

ಗಂಗಾಂಬಿಕೆಯ ಮಾವ ಸಿದ್ದಗಂಗಯ್ಯ ಇಲ್ಲೇ ಜವಾನರಾಗಿದ್ದವರು. "ನಮ್ ಮಾವ್ನೋರು ಮೆಟ್ಲತ್ರ ನಿಂತ್ರೆ ಎಂಥೋರೂ ಬಗ್ಗಿ ಚಪ್ಲಿ ಬಿಚ್ಚೋರು. ಒಂದ್ ಮಾತಾಡ್ತಿರ್ಲಿಲ್ಲ ಅವ್ರು."

ಅವರು ಹೋದ ಮೇಲೆ ಬೂಟುಗಳು ಒಂದೊಂದಾಗಿ ಮೆಟ್ಟಿಲು ಹತ್ತಿದವು. ಸಭೆಯ ದಿನ ಹಲಗೆಸಂದಿಯಿಂದ ಧೂಳು ಉದುರತೊಡಗಿತು. ಪಕ್ಕದವರು ಪುಟ ಮಗುಚಿದರೂ ಕತ್ತೆತ್ತಿ ನೋಡುವಷ್ಟು ಚುರುಕು ಕಿವಿಯ ನಿವೃತ್ತ ಮೇಷ್ಟ್ರು ಶ್ರೀಕಂಠಯ್ಯ ದೂರು ಕೊಟ್ಟೇಬಿಟ್ಟರು. ಅದಕ್ಕೆ ಪಂಚಾಯಿತಿಯಲ್ಲಿ ಬಂದ ಸಲಹೆ ನೋಡಿ: ಸದ್ದನ್ನು ನಿಲ್ಲಿಸುವುದಲ್ಲ, ಓದುವವರನ್ನೇ ಊರಾಚೆಯ ಗೋದಾಮಿಗೆ ಸಾಗಿಸುವುದು!

ದಿನಕ್ಕೆ ಅರವತ್ತು ಎಪ್ಪತ್ತು ಜನ ಬರುವ ಈ ಲೈಬ್ರರಿಯಲ್ಲಿ ಅರ್ಧದಷ್ಟು ಪರೀಕ್ಷೆಗೆ ಓದುವ ಹುಡುಗಿಯರೇ. ಗಂಗಾಂಬಿಕೆಯ ಸಂಕಟವೆಲ್ಲ ಅವರ ಬಗ್ಗೆಯೇ. "ಪೇಟೆಬೀದಿ ಅಂತ ಮನೇಲಿ ಕಳುಸ್ತಾರೆ ಸಾ. ಊರಾಚೆ ಅಂದ್ರೆ ಯಾರ್ ಕಳುಸ್ತಾರೆ? ಆ ಮಕ್ಳ ಓದು ಅಲ್ಲಿಗೇ ಮುಗೀತು."

ಹನ್ನೊಂದಕ್ಕೆ ಅಧ್ಯಕ್ಷ ಚನ್ನಬಸವಯ್ಯ ಬರುತ್ತಾರೆ, ಕಾಲಲ್ಲಿ ಫಳಫಳ ಬೂಟು. ಮಾವ ನಿಲ್ಲುತ್ತಿದ್ದ ಜಾಗದಲ್ಲಿ ಗಂಗಾಂಬಿಕೆ ನಿಂತಿದ್ದಾರೆ.

"ಸಾ, ಬೂಟು ಇಲ್ಲೇ ಬುಡಿ."

"ಯಾಕಮ್ಮ, ಇದೇನ್ ದೇವಸ್ಥಾನವಾ?"

"ಅಲ್ಲ ಸಾ. ಮಕ್ಳು ಓದ್ತಾ ಅವ್ರೆ."

ಅಧ್ಯಕ್ಷರು ಪಕ್ಕದ ಬಾಗಿಲಿನಿಂದ ಒಳಗೆ ಇಣುಕುತ್ತಾರೆ. ಬಗ್ಗಿದ ತಲೆಗಳ ಸಾಲು. ಒಬ್ಬರೂ ಇತ್ತ ನೋಡುವುದಿಲ್ಲ. ಅವರು ಬಗ್ಗಿ ಲೇಸು ಬಿಚ್ಚುತ್ತಾರೆ. ಅಧ್ಯಕ್ಷರೇ ಬಿಚ್ಚಿದ ಮೇಲೆ ಉಳಿದವರು ಏನು ಮಾಡಿಯಾರು?

ಬರಿಗಾಲಲ್ಲಿ ಕೂತವರ ದನಿಯೂ ತಾನಾಗಿ ತಗ್ಗುತ್ತದೆ. ಲೈಬ್ರರಿಯ ವಿಷಯ ಬಂದಾಗ ಅಧ್ಯಕ್ಷರು ಟೀ ಕೊಡುತ್ತಿದ್ದ ಗಂಗಾಂಬಿಕೆಯನ್ನು ಕರೆಯುತ್ತಾರೆ. "ನಮ್ ಸದ್ದಿಂದ ಇವತ್ತೂ ತೊಂದ್ರೆ ಆಯ್ತಾ, ಮೇಷ್ಟ್ರನ್ನ ಕೇಳ್ಕೊಂಡ್ ಬಾರಮ್ಮ."

ಅವರು ಕೆಳಗಿನ ಲೈಬ್ರರಿಗೆ ಇಳಿದು ಬರುತ್ತಾರೆ. ಬಾಯಿ ತೆರೆಯುವ ಮೊದಲೇ ಶ್ರೀಕಂಠಯ್ಯ ಕನ್ನಡಕ ಏರಿಸಿ ಸಿಡುಕುತ್ತಾರೆ: "ಏನಮ್ಮ, ಹನ್ನೆರಡಾಯ್ತು! ಈ ಮೀಟಿಂಗು ಶುರುವಾಗೋದು ಯಾವಾಗ?"

ಗಂಗಾಂಬಿಕೆ ಮಂಡಿನೋವು ಮರೆತು ಮೆಟ್ಟಿಲು ಹತ್ತಿ, ಆ ಮಾತನ್ನು ಇದ್ದಂತೆಯೇ ಒಪ್ಪಿಸುತ್ತಾರೆ. ಮಹಡಿಯಲ್ಲಿ ನಗು ಉಕ್ಕುತ್ತದೆ, ತಕ್ಷಣ ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಲೈಬ್ರರಿ ಇಲ್ಲೇ ಇರಲಿ ಎಂದು ತೀರ್ಮಾನವಾಗುತ್ತದೆ.

ಹೊರಡುವಾಗ ಅಧ್ಯಕ್ಷರು ಬೂಟು ಹಾಕಿಕೊಳ್ಳುತ್ತಾ, ನಿಂಗೇನಾದ್ರೂ ಬೇಕೇನಮ್ಮ ಎಂದು ಕೇಳುತ್ತಾರೆ. ಗಂಗಾಂಬಿಕೆ ತುಸು ಯೋಚಿಸಿ, ಮೆಟ್ಟಿಲ ಬುಡದ ಖಾಲಿ ಗೋಡೆಯತ್ತ ಕೈ ತೋರಿಸುತ್ತಾರೆ.

"ಇಲ್ಲೊಂದು ಚಪ್ಲಿ ಸ್ಟ್ಯಾಂಡ್ ಮಾಡುಸ್ಕೊಡಿ ಸಾ. ಮುಂದ್ಲ ಮೀಟಿಂಗ್‌ಗೂ ಬೇಕಲ್ಲ."