ಸುಣ್ಣದ ಗೆರೆಯ ಮನೆ

ನಮ್ಮ ಕಡೆ ಸರ್ಕಾರದ ಮನೆಗೆ ಮೊದಲು ಗೃಹಪ್ರವೇಶ ಮಾಡುವುದು ಎಮ್ಮೆ. ತಮಾಷೆಗೆ ಹೇಳುತ್ತಿಲ್ಲ, ಕಣ್ಣಾರೆ ಕಂಡಿದ್ದೇನೆ. ರಾಯಬಾಗ ತಾಲ್ಲೂಕಿನಲ್ಲಿ, ದಿಗ್ಗೇವಾಡಿಗೆ ಬಹಳ ದೂರವಿಲ್ಲದ ಒಂದು ಹೊಳೆದಂಡೆಯ ಊರಿಗೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಯಾಗಿ ಬಂದ ಹೊಸದರಲ್ಲಿ, ಹಿಂದೊಮ್ಮೆ ಮಹಾಪೂರ ಬಂದಾಗ ದಿನ್ನೆಯ ಮೇಲೆ ಕಟ್ಟಿಕೊಟ್ಟಿದ್ದ ಮನೆಗಳ ಸಾಲನ್ನು ನೋಡಲು ಹೋದೆ. ಮೊದಲ ಮನೆಯ ಬಾಗಿಲು ಬಡಿದರೆ ಒಳಗಿನಿಂದ ಯಾರೋ ಭುಸ್ಸೆಂದು ಉಸಿರು ಬಿಟ್ಟರು. ಕಿಟಕಿಯಲ್ಲಿ ಎರಡು ಕೋಡು ಕಂಡವು. ಪಕ್ಕದ ಮನೆಯ ತುಂಬ ಜೋಳದ ಕಣಕಿಯ ಮೇವು. ಅದರ ಪಕ್ಕದ್ದರಲ್ಲಿ ಉಳ್ಳಾಗಡ್ಡಿ ಹರವಿದ್ದರು. ಮನುಷ್ಯರೆಲ್ಲ ಕೆಳಗೆ, ಹೊಳೆಯ ಪಕ್ಕದ ಮಣ್ಣಿನ ಮನೆಗಳಲ್ಲಿ ಆರಾಮಾಗಿದ್ದರು. ಹೊಸ ಮನೆಯಲ್ಲಿ ಎಮ್ಮೆಗೂ ಮನುಷ್ಯರಿಗೂ ಕೂಡಿ ಜಾಗ ಸಾಲದೆ, ಯಾರಾದರೂ ಒಬ್ಬರು ಬಿಟ್ಟುಕೊಡಬೇಕಾಗಿ ಬಂದಾಗ ಮನುಷ್ಯರು ದೊಡ್ಡ ಮನಸ್ಸು ಮಾಡಿದ್ದರು.

ತಪಾಸಣೆಗೆ ಬಂದ ಮೇಲಿನವರು ನನ್ನನ್ನು ಬೈದರು. ಆ ಮನೆಗಳನ್ನು ಕಟ್ಟುವಾಗ ನಾನು ಕಾಲೇಜಿನಲ್ಲಿದ್ದೆ, ಅದನ್ನು ಹೇಳಿದರೆ ಕೇಳುವವರಾರು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನೋ ಸಿಟ್ಟಿನ ಹೆಂಗಸು. ಚಿಕ್ಕೋಡಿಯಲ್ಲಿರುವ ನನ್ನ ಮನೆಯವರನ್ನು ಕೇಳಿದರೆ ಇದಕ್ಕೆ ಸಾಕ್ಷಿ ಹೇಳುತ್ತಾರೆ. ಅವತ್ತು ಸ್ಕೂಟಿಯ ಮೇಲೆ ಮನೆಗೆ ವಾಪಸು ಹೋಗುವಾಗ ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳಿಗೆ ಹಾರ್ನ್ ಹೊಡೆಯುತ್ತ, ಇನ್ನು ನಾನಿರುವ ತನಕ ಒಂದು ಎಮ್ಮೆಗೂ ಮನೆ ಮಂಜೂರಾಗಬಾರದು ಎಂದು ಆಣೆ ಮಾಡಿಕೊಂಡೆ.

ಮುಂದಿನ ವರ್ಷ ಹೊಳೆದಂಡೆಯವರಿಗೆ ಮತ್ತೊಮ್ಮೆ ಮನೆಗಳು ಮಂಜೂರಾದವು. ದಿನ್ನೆಯ ಗಾಯರಾಣದಲ್ಲಿ, ಅಂದರೆ ದನ ಮೇಯುವ ಸರ್ಕಾರಿ ಜಾಗದಲ್ಲಿ, ಇಪ್ಪತ್ತು ಮೂವತ್ತರ ಸೈಟುಗಳು. ಸಭೆ ಕರೆದು ಗೋಡೆಗೆ ನಕ್ಷೆ ಅಂಟಿಸಿದೆವು. ಹೇಗಿದೆ ಎಂದು ಕೇಳಿದೆ. "ಭಾಳ ಛಲೋ ಐತ್ರಿ" ಎಂದರು. ಏನಾದರೂ ಬದಲಿಸಬೇಕೇ ಎಂದೆ. "ಏನೂ ಬ್ಯಾಡ್ರಿ, ನೀವು ಮಾಡಿದ್ದಽ ಬರೋಬ್ಬರಿ." ಚಹಾ ಕುಡಿದು ಎದ್ದು ಹೋದರು. ಹಿಂದಿನ ಅಧಿಕಾರಿ ಇದೇ ಮಾತನ್ನು ನಂಬಿ ಎಮ್ಮೆಗಳಿಗೆ ಕಾಲೊನಿ ಕಟ್ಟಿದ್ದು.

ದಾರಿ ಹೊಳೆದದ್ದು ಶಾಲೆಯ ಮೈದಾನದಲ್ಲಿ. ಕಬಡ್ಡಿ ಆಟಕ್ಕೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿದ್ದರು. ಮಣ್ಣು ಅದೇ ಮಣ್ಣು. ಆದರೂ ಗೆರೆ ದಾಟಿದವನು ಔಟಾಗಿ ಹೊರಗೆ ಕೂರುತ್ತಿದ್ದ, ಜಗಳವಾಡುತ್ತಿರಲಿಲ್ಲ. ಮನೆಯನ್ನೂ ಹೀಗೇ ನೆಲದ ಮೇಲೆ ಕಟ್ಟುವಷ್ಟೇ ಅಳತೆಯಲ್ಲಿ ಬರೆದರೆ ಹೇಗೆ ಎನ್ನಿಸಿತು. ನಮ್ಮ ಇಂಜಿನಿಯರ್ ಅಥಣಿ ಕಡೆಯವರು. ಒಳ್ಳೆಯ ಮನುಷ್ಯ, ಆದರೆ ಅಳತೆ ಟೇಪನ್ನು ಜೇಬಿನಲ್ಲಿ ಇಟ್ಟುಕೊಳ್ಳದೆ ನಿದ್ದೆಯನ್ನೂ ಮಾಡುವುದಿಲ್ಲವೇನೋ ಎನ್ನಿಸುವಂಥವರು. "ಮೇಡಂ, ಇದೇನು ಮಕ್ಕಳಾಟ?" ಎಂದರು. ಮಕ್ಕಳಾಟವೇ ಎಂದೆ. ಬೇಸರದಲ್ಲೇ ಟೇಪು ಹಿಡಿದರು. ಅಕ್ಕಪಕ್ಕದ ಎರಡು ಸೈಟುಗಳಲ್ಲಿ ಎರಡು ಮನೆಗಳನ್ನು ಗಾಯರಾಣದ ಕೆಂಪು ನೆಲದ ಮೇಲೆ ಬಿಳಿ ಗೆರೆಯಲ್ಲಿ ಬರೆದೆವು. ಬಾಗಿಲು ಇರುವಲ್ಲಿ ಗೆರೆ ಬಿಟ್ಟೆವು.

ಆ ಸೈಟುಗಳ ಒಡತಿಯರನ್ನು ಕರೆಸಿದೆ. ಮನೆಗಳು ಹೆಂಗಸರ ಹೆಸರಿಗೇ ಮಂಜೂರಾಗುತ್ತವೆ. ಮೊದಲು ಬಂದದ್ದು ಊರೆಲ್ಲ ಆಯಿ ಎಂದು ಕರೆಯುವ ಅರವತ್ತು ದಾಟಿದ ಹೆಂಗಸು. ತಲೆಯ ಮೇಲೆ ಸೆರಗು, ಬಾಯಲ್ಲಿ ಎಲೆ ಅಡಿಕೆ, ಹಿಂದೆ ಹಗ್ಗ ಹಿಡಿದು ತಂದ ಎಮ್ಮೆ. ಆಕೆ ಗೆರೆಯನ್ನು ನೋಡಿದಳು, ಸುತ್ತು ಹಾಕಿಕೊಂಡು ಬಾಗಿಲಿನ ಜಾಗಕ್ಕೆ ಬಂದಳು, ಎಮ್ಮೆಯನ್ನು ಅಲ್ಲೇ ನಿಲ್ಲಿಸಿ ಚಪ್ಪಲಿ ಬಿಟ್ಟು, ಬಲಗಾಲಿಟ್ಟು ಒಳಗೆ ಹೋದಳು. ನೋಡಲು ಬಂದ ಹೆಂಗಸರೂ ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟರು. ಬಯಲಿನಲ್ಲಿ, ಉರಿ ಬಿಸಿಲಿನಲ್ಲಿ, ಗೋಡೆಯಿಲ್ಲದ ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿತ್ತು. ನನಗೆ ನಗು ಬಂತು, ಹಿಂದೆಯೇ ನಾನೂ ಚಪ್ಪಲಿ ಬಿಟ್ಟೆ.

ಅಷ್ಟರಲ್ಲಿ ಇಂಜಿನಿಯರ್ ಸಾಹೇಬರು ಏನೋ ತೋರಿಸಲೆಂದು ಪಕ್ಕದ ಸೈಟಿನಿಂದ ನೇರ ಗೆರೆ ತುಳಿದುಕೊಂಡು ಅಡುಗೆಮನೆಗೆ ಬಂದುಬಿಟ್ಟರು.

"ಅಯ್ಯಯ್ಯ! ಗ್ವಾಡ್ಯಾಗಿಂದ ಹಾದು ಬರ್ತೀರೇನ್ರಿ ಸಾಹೇಬ್ರ? ಅದೂ ಬೂಟು ಹಾಕ್ಕೊಂಡು, ಒಲಿ ಮುಂದ!" ಎಂದು ಆಯಿ ಕೂಗಿದಳು.

ಸಾಹೇಬರು ಗಾಬರಿಯಾಗಿ ಬಂದ ದಾರಿಯಲ್ಲೇ ಹಿಂದಕ್ಕೆ ಜಿಗಿದರು. ಅಂದರೆ ಗೋಡೆಯನ್ನು ಎರಡನೆಯ ಸಲ ದಾಟಿದರು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಆಮೇಲೆ ಸಾಹೇಬರೂ ಬೂಟು ಬಿಚ್ಚಿಟ್ಟು ಬಾಗಿಲಿನಿಂದ ಬಂದರು.

ಸಭೆಯಲ್ಲಿ ಎಲ್ಲಕ್ಕೂ ಛಲೋ ಎಂದವರಿಗೆ ಈಗ ಬಾಯಿ ಬಂತು. ಇಲ್ಲಿ ಒಲೆ, ಇಲ್ಲಿ ದೇವರ ಮಾಡ, ಇಲ್ಲಿ ಮಲಗಿದರೆ ಕಾಲು ದೇವರ ಕಡೆ ಬರುತ್ತದೆ, ಬೇಡ. ಆಯಿ ಮಾತ್ರ ಹೊರಗೆ ಬಂದು ಎಮ್ಮೆಯ ಹಗ್ಗ ಹಿಡಿದಳು. ಮನೆ ಸೈಟಿನ ನಟ್ಟನಡುವೆ ಕೂತಿತ್ತು, ಸುತ್ತಲೂ ಕಿರಿದಾದ ಜಾಗ. ಆ ಜಾಗದಲ್ಲಿ ಎಮ್ಮೆಯನ್ನು ನಡೆಸಿದಳು. ಎಮ್ಮೆಯ ಹೊಟ್ಟೆ ಅತ್ತ ಗೋಡೆಯೊಳಗೆ, ಇತ್ತ ಪಕ್ಕದವರ ಸೈಟಿನೊಳಗೆ. ತಿರುಗಿಸಲು ಹೋದರೆ ಬಾಲ ದೇವರ ಮಾಡಕ್ಕೆ ಬಡಿಯಿತು.

"ನೋಡ್ರಿ ಬಾಯಾರ, ಇಲ್ಲಿ ನನ್ನ ಎಮ್ಮಿ ಹಿಡ್ಯೂದಿಲ್ಲ. ಎಮ್ಮಿ ಇಲ್ಲದಲ್ಲಿ ನಾ ಇರೂದಿಲ್ಲ. ನಿಮ್ಮ ಮನಿ ನಿಮಗಽ ಇರ್ಲಿ" ಎಂದು ನನಗೆ ಹೇಳಿದಳು.

ನನಗೆ ದಿಗಿಲಾಯಿತು. ಮಳೆಗಾಲದೊಳಗೆ ತಳಪಾಯ ಹಾಕಿ, ಅದರ ಮುಂದೆ ಮನೆಯೊಡತಿಯನ್ನು ನಿಲ್ಲಿಸಿ ಮೊಬೈಲಿನಲ್ಲಿ ಜಿಪಿಎಸ್ ಫೋಟೋ ತೆಗೆದು ಕಳಿಸದಿದ್ದರೆ ಮಂಜೂರಾತಿ ರದ್ದಾಗುತ್ತದೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ನಡುವೆ ಫೋಟೋ ತೆಗೆದು ನೋಡು ಎಂದು ಸೇರಿಸುವುದನ್ನು ಮರೆತಿದ್ದಾರೆ. ಆಯಿಯ ಹಳೆಯ ಮನೆ ಹೊಳೆಗೆ ಎಲ್ಲಕ್ಕಿಂತ ಹತ್ತಿರ. ಮಹಾರಾಷ್ಟ್ರದ ಕಡೆ ಮಳೆ ಜೋರಾದರೆ, ನಮ್ಮಲ್ಲಿ ಬಿಸಿಲಿದ್ದರೂ ನೀರು ಅವಳ ಹಿತ್ತಲಿಗೆ ಬರುತ್ತದೆ. ಹೋದ ಮಳೆಗಾಲದಲ್ಲಿ ಆಕೆ ಶಾಲೆಯ ಕಟ್ಟೆಯ ಮೇಲಿದ್ದಳು, ಎಮ್ಮೆ ರಸ್ತೆಯಲ್ಲಿ ನೆನೆಯುತ್ತಿತ್ತು. ಈ ಮನೆಯೂ ತಪ್ಪಿದರೆ ಮತ್ತೆ ಅದೇ ಕಟ್ಟೆ.

ಸಿಟ್ಟಿನಲ್ಲಿ ನಾನೇ ಸುಣ್ಣದ ಪುಟ್ಟಿ ಎತ್ತಿಕೊಂಡೆ. ಮನೆಯ ನಕ್ಷೆ ಬದಲಿಸುವಂತಿಲ್ಲ, ಸರಿ. ಆದರೆ ಸೈಟಿನಲ್ಲಿ ಮನೆ ಎಲ್ಲಿ ಕೂರಬೇಕು? ಅದನ್ನು ಎಲ್ಲೂ ಬರೆದಿಲ್ಲ ಎಂದು ಇಂಜಿನಿಯರ್ ತಲೆ ಕೆರೆದುಕೊಂಡರು. ಹಾಗಾದರೆ ಈ ಮನೆಯನ್ನು ಈ ಅಂಚಿಗೆ ತಳ್ಳಿ, ಪಕ್ಕದ ಮನೆಯನ್ನು ಆ ಅಂಚಿಗೆ ತಳ್ಳಿ ಎಂದೆ. ಬರೆದು ನೋಡಿದರೆ ಎರಡೂ ಮನೆಗಳ ನಡುವೆ ಅಗಲವಾದ ಅಂಗಳ ಬಂತು. ಎರಡು ಎಮ್ಮೆ, ಒಂದು ಗ್ವಾದಲಿ ಇಟ್ಟು ಮೇವು ಹಾಕಿದರೂ ಓಡಾಡಲು ಜಾಗ ಉಳಿಯುತ್ತಿತ್ತು. ಇಂಜಿನಿಯರ್ ಮುಖ ಅರಳಿತು. ನಾನು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹೆಂಗಸರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾಕೆಂದರೆ ಅಂಗಳ ಇಬ್ಬರದೂ ಆಗಬೇಕಿತ್ತು, ಮತ್ತು ಪಕ್ಕದ ಸೈಟು ಚೀಟಿ ಎತ್ತಿದಾಗ ಆಯಿಯ ನೆಗೆಣ್ಣಿಗೆ, ಅಂದರೆ ಅವಳ ಮೈದುನನ ಹೆಂಡತಿಗೆ, ಬಂದಿತ್ತು. ಇಬ್ಬರೂ ಪಾಲಬಾವಿಯ ಹೆಣ್ಣುಮಕ್ಕಳು. ಕಿರಿಯವಳನ್ನು ಈ ಮನೆಗೆ ನೋಡಿ ತಂದವಳು ಆಯಿಯೇ. ಆರೇಳು ವರ್ಷದ ಹಿಂದೆ ಅಣ್ಣತಮ್ಮಂದಿರು ಬೇರೆಯಾದಾಗ, ಎರಡು ಅಡುಗೆಮನೆಗಳ ನಡುವಿನ ಬಾಗಿಲಿಗೆ ಮಣ್ಣು ಮೆತ್ತಿ ಮುಚ್ಚಿದರು. ಅಣ್ಣತಮ್ಮಂದಿರು ಮರುದಿನವೇ ಒಂದೇ ಬಸಿಯಲ್ಲಿ ಚಹಾ ಕುಡಿಯುತ್ತಿದ್ದರಂತೆ. ಈ ಇಬ್ಬರು ಮಾತ್ರ ಅಂದಿನಿಂದ ಮಾತು ಬಿಟ್ಟವರು. ಇದೆಲ್ಲ ನನಗೆ ತಿಳಿದದ್ದು ಅಲ್ಲೇ ನಿಂತು, ಪಕ್ಕದವರು ಕಿವಿಯಲ್ಲಿ ಹೇಳಿದಾಗ.

ಕಿರಿಯವಳು ಅಷ್ಟು ಹೊತ್ತೂ ತನ್ನ ಗೆರೆಯ ಮನೆಯೊಳಗೆ ಬೆನ್ನು ತಿರುಗಿಸಿ ನಿಂತಿದ್ದಳು. ಕೈಯಲ್ಲಿ ಹೊಲಕ್ಕೆ ಒಯ್ಯುವ ರೊಟ್ಟಿಯ ಗಂಟು.

"ಅಕಿನ್ನ ಕೇಳ್ರಿ ಬಾಯಾರ, ಜೋಡಿ ಅಂಗಳಕ್ಕ ಅಕಿ ಒಪ್ತಾಳೇನಂತ" ಎಂದಳು ಆಯಿ, ನನ್ನ ಮುಖ ನೋಡುತ್ತ.

"ಅವ್ರು ಒಪ್ಪಿದ್ರ ತಾನಽ ನಾ ಒಪ್ಪೂದು? ಮೊದಲ ಅವ್ರನ್ನ ಕೇಳ್ರಿ" ಎಂದಳು ಕಿರಿಯವಳು, ಅವಳೂ ನನಗೇ.

ಇಬ್ಬರ ನಡುವೆ ಇದ್ದದ್ದು ನಾಲ್ಕು ಹೆಜ್ಜೆ ಬಯಲು. ನಾನು ಅತ್ತಿಂದಿತ್ತ ಟಪಾಲು ಹಂಚಿದೆ. ನೀನು ಮೊದಲು, ನೀನು ಮೊದಲು. ಬಿಸಿಲಿಗೆ ನೆತ್ತಿ ಕಾದು, ಬಾಯಿಗೆ ಬಂದದ್ದನ್ನು ಬೈದುಬಿಟ್ಟೆ. ಹೊಳೆಗೆ ಹೋಗಿ ಹೇಳಿ ಬನ್ನಿ, ನಮ್ಮ ಸಿಟ್ಟು ಇಳಿಯುವ ತನಕ ಏರಬೇಡ ಎಂದು, ಅಂದೆ. ಅದರಿಂದಲೂ ಏನೂ ಆಗಲಿಲ್ಲ. ಕೋಣನ ಮುಂದೆ ಕಿನ್ನರಿ.

ಅಷ್ಟೊತ್ತಿಗೆ ಎಮ್ಮೆಗೆ ಬೇಸರವಾಯಿತೇನೋ. ಇಡೀ ಗಾಯರಾಣದಲ್ಲಿ ಸುಣ್ಣದ ಗೆರೆಗೆ ಮರ್ಯಾದೆ ಕೊಡದ ಪ್ರಾಣಿ ಅದೊಂದೇ. ಆಯಿಯ ಕೈಯಿಂದ ಹಗ್ಗ ಕಿತ್ತುಕೊಂಡು, ಅಂಗಳ ದಾಟಿ, ಗೋಡೆ ದಾಟಿ, ನೇರ ಕಿರಿಯವಳ ಅಡುಗೆಮನೆಗೆ ನುಗ್ಗಿ ರೊಟ್ಟಿಯ ಗಂಟಿಗೆ ಮೂತಿ ಇಟ್ಟಿತು. ಹುಟ್ಟಿದ ವಾರಕ್ಕೇ ತಾಯಿ ಸತ್ತ ಆ ಎಮ್ಮೆಯನ್ನು, ಕರುವಾಗಿದ್ದಾಗ, ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದ್ದು ಕಿರಿಯವಳಂತೆ. ಪಾಲಿನಲ್ಲಿ ಅದು ಆಯಿಗೆ ಹೋಗಿತ್ತು. ಎಮ್ಮೆಗೆ ಪಾಲಾದದ್ದನ್ನು ಯಾರೂ ಹೇಳಿರಲಿಲ್ಲ.

ಮನೆಯೊಳಗೆ ಬಂದ ಬಾಯಿಯನ್ನು ಬರಿದೆ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಕಿರಿಯವಳು ಗಂಟು ಬಿಚ್ಚಿ ಒಂದು ರೊಟ್ಟಿ ಕೊಟ್ಟಳು. ಇನ್ನೊಂದು ಕೊಟ್ಟಳು. ಕುತ್ತಿಗೆ ಸವರುತ್ತ, ಎತ್ತಲೋ ನೋಡುತ್ತ, "ಅವ್ರಿಗೆ ಹೇಳ್ರಿ, ಎಮ್ಮಿ ಭಾಳ ಸೊರಗೇತಿ. ಬರೇ ಕಬ್ಬಿನ ಸೋಗಿ ಹಾಕಿದ್ರ ಹಿಂಗಽ ಆಗೂದು" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಆಯಿ, "ನಾನೇನ್ ಕಿವುಡಿ ಅಲ್ಲ. ಹಿಂಡಿ ಎಷ್ಟು ತುಟ್ಟಿ ಆಗೇತಿ ನಿನಗೇನ್ ಗೊತ್ತ?" ಎಂದು ಹರಿಹಾಯ್ದಳು.

"ಗೊತ್ತಿಲ್ದ ಏನಽ ಅಕ್ಕಾ? ನಾನೂ ಎಮ್ಮಿ ಕಟ್ಟೇನಿ!" ಎಂದು ಕಿರಿಯವಳು ತಿರುಗಿ ಕೂಗಿದಳು.

ಜಗಳವೇ ಸರಿ, ಆದರೆ ನೇರ ಜಗಳ. ಸುತ್ತ ನಿಂತವರೆಲ್ಲ ಇನ್ನಷ್ಟು ಹತ್ತಿರ ಬಂದರು. ಅಕ್ಕಾ ಎಂಬ ಮಾತು ಬಾಯಿಂದ ಬಿದ್ದದ್ದು ಕಿರಿಯವಳಿಗೂ ಆಮೇಲೆ ಹೊಳೆಯಿತು, ಸೆರಗು ಮುಖಕ್ಕೆ ಎಳೆದುಕೊಂಡಳು. ಆಯಿ ಅತ್ತ ಹೋಗಿ ಎಲೆ ಅಡಿಕೆ ಉಗುಳಿದಳು. ವಾಪಸು ಬಂದು ಇಂಜಿನಿಯರಿಗೆ ಹೇಳಿದಳು, "ಅಂಗಳ ಹಿಂಗಽ ಇರ್ಲ್ರಿ. ಎಮ್ಮಿಗೆ ಒಪ್ಪಿಗಿ ಆಗೇತಿ."

ಮಳೆಗೆ ಮುಂಚೆ ಎರಡೂ ತಳಪಾಯ ಎದ್ದವು. ಇಬ್ಬರೂ ತಂತಮ್ಮ ತಳಪಾಯದ ಮುಂದೆ ಪೊಲೀಸರಂತೆ ನೆಟ್ಟಗೆ ನಿಂತು ಫೋಟೋ ತೆಗೆಸಿಕೊಂಡರು. ಉಳಿದ ಸೈಟುಗಳವರೂ ಬಂದು ಸುಣ್ಣದ ಗೆರೆ ಹಾಕಿಕೊಡಿ ಎಂದು ಕಾಡಿದರು. ಯಾರ ಮನೆ ಯಾವ ಅಂಚಿಗೆ, ಯಾರ ಅಂಗಳ ಯಾರ ಜೋಡಿ ಎಂದು ಅವರವರೇ ತೀರ್ಮಾನಿಸಿಕೊಂಡರು. ಸಭೆಯ ಚಹಾದ ಖರ್ಚು ಉಳಿಯಿತು.

ಆ ವರ್ಷ ಹೊಳೆ ಬಂದಾಗ ಗೋಡೆಗಳು ಎದೆಯ ಎತ್ತರಕ್ಕೆ ಬಂದಿದ್ದವು. ಜನ ಶಾಲೆಗೆ ಹೋಗಲಿಲ್ಲ. ದಿನ್ನೆಗೆ ಬಂದು ಎದುರುಬದುರು ಗೋಡೆಗಳ ಮೇಲೆ ತಾಡಪತ್ರಿ ಎಳೆದು, ಅಂಗಳವನ್ನೇ ಮನೆ ಮಾಡಿಕೊಂಡರು. ಆಯಿಯ ಅಂಗಳದಲ್ಲಿ ಎರಡು ಮನೆಯವರು, ಎರಡು ಎಮ್ಮೆ, ಒಂದು ಒಲೆ. ನಾನು ಹೋದಾಗ ಜುಣಕ ರೊಟ್ಟಿ ಕೊಟ್ಟರು. ಕೆಳಗೆ ಹಳೆಯ ಮನೆ ಬಿದ್ದ ಸುದ್ದಿ ಬಂದದ್ದು ನಾನು ಅಲ್ಲಿದ್ದಾಗಲೇ. ಮೊದಲು ಬಿದ್ದದ್ದು ನಡುವಿನ ಗೋಡೆಯಂತೆ. ಆ ಬಾಗಿಲು ಮುಚ್ಚಿದ್ದು ಕೊನೆಗೂ ಯಾರು ಎಂದು ಕೇಳಿದೆ, ನನ್ನ ಬಾಯಿ ಸುಮ್ಮನಿರುವುದಿಲ್ಲ.

"ಅಕ್ಕ ಮಣ್ಣ ತುಳದ್ರು, ನಾ ಮೆತ್ತೀನ್ರಿ. ಇಬ್ರೂ ಕೂಡಿ ಮಾಡಿದ ಕಡೀ ಕೆಲಸ ಅದು" ಎಂದಳು ಕಿರಿಯವಳು. ಆಯಿ ಒಲೆಗೆ ಕಟ್ಟಿಗೆ ದೂಡುತ್ತಿದ್ದಳು. ಹೊಗೆಗೆ ಕಣ್ಣಲ್ಲಿ ನೀರು ಬಂತೆಂದಳು. ನನಗೂ ಬಂತು, ನಾನು ಹೊಗೆಯ ನೆಪ ಹೇಳಲಿಲ್ಲ.

ಬೇಸಿಗೆಯ ಹೊತ್ತಿಗೆ ಮನೆಗಳು ಮುಗಿದವು. ಕೊನೆಯ ಫೋಟೋಗೆ ಇಂಜಿನಿಯರ್ ಜೊತೆ ಹೋದೆ. ಅವರು ಬಾಗಿಲಲ್ಲಿ ಬೂಟು ಬಿಚ್ಚಿಟ್ಟು ಒಳಗೆ ಅಳೆದರು. ಎಲ್ಲ ಸರಿಯಿತ್ತು. ಅಡುಗೆಮನೆಗೆ ಹೋದವರು ಅಲ್ಲೇ ನಿಂತರು. ಅಂಗಳದ ಕಡೆಯ ಗೋಡೆಯಲ್ಲಿ ಇನ್ನೊಂದು ಬಾಗಿಲು. ಹಳೆಯ ಮನೆಯ ಕೆಸರಿನಿಂದ ಎತ್ತಿ ತಂದು ತೊಳೆದು ಕೂರಿಸಿದ, ಅದೇ ನಡುವಿನ ಬಾಗಿಲಿನ ಚೌಕಟ್ಟು. ಅಂಗಳದ ಆಚೆ ಕಿರಿಯವಳ ಗೋಡೆಯಲ್ಲೂ ಅದಕ್ಕೆ ಸರಿಯಾಗಿ ಎದುರು ಬಾಗಿಲಿತ್ತು.

"ಆಯಿ, ಇದು ನಕ್ಷೆಯಲ್ಲಿ ಇಲ್ಲ. ಹೀಗೆಲ್ಲ ಮಾಡುವಂತಿಲ್ಲ. ಇಲ್ಲಿ ಬಾಗಿಲಿಡಿ ಎಂದು ಯಾರು ಹೇಳಿದ್ದು?" ಎಂದರು ಇಂಜಿನಿಯರ್. ಸರ್ಕಾರದ ಕೊನೆಯ ಕಂತಿನ ಹಣ ಈ ಒಂದು ಮಾತಿಗೆ ನಿಲ್ಲಬಹುದಿತ್ತು.

"ನೀವಽ ಅಲ್ರಿ ಸಾಹೇಬ್ರ? ಆವತ್ತ ಗ್ವಾಡ್ಯಾಗಿಂದ ಹಾದು ಬಂದು, ಮತ್ತ ಹಾದು ಹೋದ್ರಲ್ಲ, ಇಲ್ಲೇ. ನಿಮ್ಮ ಹೆಜ್ಜಿ ನೋಡಿಽ ಇಟ್ಟೇನಿ" ಎಂದಳು ಆಯಿ.

ಇಂಜಿನಿಯರ್ ಟೇಪು ಮಡಚಿ ಜೇಬಿಗಿಟ್ಟು ನನ್ನನ್ನು ನೋಡಿದರು. ಆಚೆಯ ಬಾಗಿಲಿನಿಂದ ಕೂಗು ಬಂತು, "ಅಕ್ಕಾ, ಚಹಾ ಆಗೇತಿ, ಸಾಹೇಬ್ರನ್ನೂ ಬಾಯಾರನ್ನೂ ಹಿಂಗಽ ಕರ್ಕೊಂಡ ಬರ್ರಿ."

ಹಾಗೇ ಹೋದೆವು, ಗೋಡೆಯೊಳಗಿನಿಂದ. ಚಹಾ ಕುಡಿದು ಬಂದು ಆಯಿಯನ್ನು ಮನೆಯ ಮುಂದೆ ನಿಲ್ಲಿಸಿ ಫೋಟೋ ತೆಗೆದೆ. ಮುಂದಿನಿಂದ ನೋಡಿದರೆ ಮನೆ ನಕ್ಷೆಯಲ್ಲಿ ಇದ್ದಂತೆಯೇ ಇತ್ತು.